ಕರಿಹಲಗೆಯ ಬಲಮೂಲೆ

ಬೆಳಗಿನ ಐದಕ್ಕೆ ಇನ್ನೂ ಹತ್ತು ನಿಮಿಷ ಇದೆ. ಉಂಬರಘಾಟದ ಎಸ್.ಟಿ. ಬಸ್ ಸ್ಟ್ಯಾಂಡಿನ ಎದುರು ಜಗದಾಳೆಯ ಚಹಾದಂಗಡಿಯಲ್ಲಿ ಒಲೆ ಹೊತ್ತಿದೆ, ಹಾಲು ಇನ್ನೂ ಬಂದಿಲ್ಲ. ಅಂಗಡಿಯ ಹೊರಗೋಡೆಗೆ ಆರಡಿ ಅಗಲ, ನಾಲ್ಕಡಿ ಎತ್ತರದ ಒಂದು ಕರಿಹಲಗೆ. ಅದರ ಮುಂದೆ ಸ್ಟೂಲಿನ ಮೇಲೆ ನಿಂತು ಎಪ್ಪತ್ತಾರು ವರ್ಷದ ಗಜರಾ ಧುಮಾಳ ಒದ್ದೆ ಬಟ್ಟೆಯಿಂದ ನಿನ್ನೆಯ ಸುದ್ದಿ ಒರೆಸುತ್ತಿದ್ದಾರೆ. ಕುಂಬಾರ ಓಣಿಯಲ್ಲಿ ತೀರಿಕೊಂಡ ಅಜ್ಜಿ ಹೋದಳು. ನೀರು ಬಾರದ ಎರಡು ನಲ್ಲಿಗಳು ಹೋದವು. ಜಿಲ್ಲಾ ಕಬಡ್ಡಿ ತಂಡಕ್ಕೆ ಆಯ್ಕೆಯಾದ ಹುಡುಗಿಯೂ ಹೋದಳು. ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಸಾಗಿದ ಕೈ ಕೆಳಗಿನ ಬಲಮೂಲೆಗೆ ಬಂದಾಗ ತಾನಾಗಿ ನಿಲ್ಲುತ್ತದೆ. ಅಲ್ಲಿ ಒರೆಸುವಂಥದ್ದು ಏನೂ ಇಲ್ಲ. ಎರಡು ಗೇಣು ಜಾಗ ಮಾತ್ರ ಉಳಿದ ಹಲಗೆಗಿಂತ ಕಪ್ಪಗೆ, ಹೊಸ ಬಣ್ಣದಲ್ಲಿ ಮಿರುಗುತ್ತಿದೆ.

"ಕೈಗೆ ಇನ್ನೂ ಸುದ್ದಿ ಮುಟ್ಟಿಲ್ಲ," ಎನ್ನುತ್ತಾ ಅವರು ಬಟ್ಟೆ ಹಿಂಡುತ್ತಾರೆ. "ಇಪ್ಪತ್ತೊಂಬತ್ತು ವರ್ಷ ಅಲ್ಲಿಗೆ ಬಂದು ನಿಂತ ಕೈ ಇದು. ಒಂದು ತಿಂಗಳದಾಗ ಹೆಂಗ ಬಿಡತೈತಿ?"

ಆ ಮೂಲೆಯ ಕತೆ ಆಮೇಲೆ. ಮೊದಲು ಬರವಣಿಗೆ ಮುಗಿಯಬೇಕು. ದಿನಕ್ಕೆ ಹದಿನಾಲ್ಕು ಸಾಲು, ಎರಡೂವರೆ ಸೀಮೆಸುಣ್ಣ, ನಲವತ್ತು ನಿಮಿಷ. ಐದೂ ನಲವತ್ತಕ್ಕೆ ಪುಣೆಗೆ ಹೊರಡುವ ಬಸ್ಸಿನವರು ಓದಿ ಹತ್ತುವಂತಿರಬೇಕು. ಇವತ್ತಿನ ಮೊದಲ ಸಾಲು: ಸೇತುವೆ ದುರಸ್ತಿ ನಡೆದಿದೆ, ಪಾಟಣದ ಬಸ್ಸು ಅರ್ಧ ಗಂಟೆ ತಡ. ಎರಡನೆಯದು: ಮಾಳಿ ಗಲ್ಲಿಯಲ್ಲಿ ಒಂದು ಎಮ್ಮೆ ತಪ್ಪಿಸಿಕೊಂಡಿದೆ, ಎಡಗೊಂಬು ಮುರಿದಿದೆ. ನಾಲ್ಕನೆಯದು: ಶನಿವಾರ ಪೇಟೆಯ ಗಟಾರಕ್ಕೆ ಕಲ್ಲು ಹಾಕಿಲ್ಲ, ಇವತ್ತಿಗೆ ನಲವತ್ತೊಂದು ದಿನ, ನಗರಾಧ್ಯಕ್ಷರು ಆ ದಾರಿಯಲ್ಲಿ ನಡೆಯುವುದಿಲ್ಲ, ಗಾಡಿಯಲ್ಲಿ ಹೋಗುತ್ತಾರೆ.

ಜಗದಾಳೆ ಹೊರಗೆ ಬಂದು ಓದುತ್ತಾನೆ. "ಅಕ್ಕಾ, ಗಟಾರದ ಮ್ಯಾಲ ಹಿಂಗ ದಿನಾ ಬರದ್ರ ಪಾರ್ಟಿ ಮಂದಿ ನನ್ನ ಅಂಗಡಿಗೆ ಚಹಾ ಕುಡೀಲಿಕ್ಕೆ ಬರಂಗಿಲ್ಲ ನೋಡ."

"ಕುಡೀಲಿಕ್ಕೆ ಬಂದವರು ಓದಿ ಹೋಗ್ತಾರ, ಓದಲಿಕ್ಕೆ ಬಂದವರು ಕುಡದು ಹೋಗ್ತಾರ. ನಿನಗೇನು ಲುಕ್ಸಾನ? ಹಾಲು ಬಂತಾ ನೋಡ ಹೋಗು."

ಊರಿಗೆಲ್ಲ ಅವರು ಗಜರಾಕ್ಕ. ಗಂಡ ಮಾರುತಿ ಧುಮಾಳ ಎಸ್.ಟಿ. ಡ್ರೈವರ್ ಆಗಿದ್ದವರು. 1973ರಲ್ಲಿ ಘಾಟಿನ ಅಪಘಾತದಲ್ಲಿ ಅವರು ತೀರಿಕೊಂಡಾಗ ಗಜರಾಕ್ಕನಿಗೆ ಇಪ್ಪತ್ನಾಲ್ಕು. ಓದಿದ್ದು ಏಳನೆಯ ತರಗತಿ. ಗಂಡನ ಜಾಗಕ್ಕೆ ಅನುಕಂಪದ ಮೇಲೆ ಕಾರಕೂನಿಕೆ ಸಿಕ್ಕಿತು. ಅಕ್ಷರ ದುಂಡಗಿದೆಯೆಂದು ಮೇಲಿನವರು ಕೈಗೆ ಸೀಮೆಸುಣ್ಣ ಕೊಟ್ಟು, ತಡವಾದ ಮತ್ತು ರದ್ದಾದ ಬಸ್ಸುಗಳನ್ನು ಹಲಗೆಯಲ್ಲಿ ಬರೆಯಲು ಹೇಳಿದರು. ಪ್ರಯಾಣಿಕರು ಬಂದು ಓದಿ, ಬರೆದವಳಿಗೇ ಬೈದು ಹೋಗುತ್ತಿದ್ದರು.

"ಒಂದಿನ ಸಾತಾರಾ ಗಾಡಿ ಎರಡು ತಾಸು ತಡ ಆತು. ದಾರ್ಯಾಗ ಒಬ್ಬಾಕಿಗೆ ಹೆರಿಗಿ ನೋವು ಬಂದಿತ್ತು. ಡ್ರೈವರ್ ಗಾಡಿ ತಿರುಗಿಸಿ ದವಾಖಾನಿಗೆ ಒಯ್ದಿದ್ದ. ನಾ ಅದನ್ನೂ ಬರೆದೆ. ಗಂಡು ಕೂಸು, ಬಾಣಂತಿ ಆರಾಮ ಅದಾಳ ಅಂತ. ಬೈಲಿಕ್ಕೆ ಬಂದ ಮಂದಿ ಓದಿ ಸುಮ್ನ ಕುಂತ್ರು. ತಡ ಅಂತ ಬರೆದ್ರ ಬೈತಾರ, ಯಾಕ ತಡ ಅಂತ ಬರೆದ್ರ ಕಾಯ್ತಾರ. ಅವತ್ತ ತಿಳೀತು."

ಅವರ ಸಾಹಿತ್ಯ ಹುಟ್ಟಿದ್ದು ಅಲ್ಲಿಂದಲೇ. ಹಲಗೆಯಲ್ಲಿ ಹಿಡಿಯದ್ದನ್ನು ಗಜರಾಕ್ಕ ರದ್ದಾದ ಟ್ರಿಪ್ ಶೀಟುಗಳ ಬೆನ್ನಿಗೆ ಬರೆಯತೊಡಗಿದರು. 1979ರಲ್ಲಿ ಕೊಲ್ಹಾಪುರದ ಒಂದು ದೀಪಾವಳಿ ಸಂಚಿಕೆ ಮೊದಲ ಕತೆ ಅಚ್ಚು ಹಾಕಿತು. ಆಮೇಲೆ ಸಾಲಾಗಿ ಹನ್ನೊಂದು ದೀಪಾವಳಿಗಳಿಗೆ ಅವರ ಕತೆಗಳು ಬಂದವು. 'ರದ್ದಾದ ಗಾಡಿಗಳು' ಎಂಬ ಸಂಕಲನ, ಇನ್ನೊಂದು ಸಂಕಲನ, ಒಂದು ಕಾದಂಬರಿ. ಮೂರೂ ಈಗ ಅಂಗಡಿಗಳಲ್ಲಿ ಸಿಗುವುದಿಲ್ಲ. ಪುಣೆಯ ವಿಮರ್ಶಕರೊಬ್ಬರು "ಈ ಲೇಖಕಿಯ ವಾಕ್ಯಗಳು ಅವಸರದಲ್ಲಿರುತ್ತವೆ" ಎಂದು ಬರೆದಿದ್ದರಂತೆ. "ಅವಸರದಾಗ ಇರಬೇಕಲ್ಲ, ಬಸ್ಸು ಬಿಡತಿರತೈತಿ," ಎಂದು ಅವರು ನಗುತ್ತಾರೆ.

ಚೈತ್ರ, ವೈಶಾಖದಲ್ಲಿ ಊರೂರಿನ ವ್ಯಾಖ್ಯಾನಮಾಲೆಗಳಿಗೆ ಕರೆ ಬರುತ್ತಿತ್ತು. ಭಾಷಣ ಮುಗಿದ ಮೇಲೆ ಒಂದು ಶಾಲು, ಒಂದು ತೆಂಗಿನಕಾಯಿ. ಕಾಯಿ ಮರುದಿನದ ಆಮಟಿ ಸಾರಿಗೆ ಹೋಗುತ್ತಿತ್ತು, ಶಾಲು ಸ್ಟ್ಯಾಂಡಿನಲ್ಲಿ ಮಲಗುವವರ ಮೈಮೇಲೆ. ಒಂದನ್ನು ಮಾತ್ರ ಇಟ್ಟುಕೊಂಡಿದ್ದಾರೆ. ಈ ಚಳಿಯಲ್ಲಿ ತಲೆಗೆ ಸುತ್ತಿಕೊಂಡದ್ದು ಅದೇ.

1991ರಲ್ಲಿ ನಗರಪಾಲಿಕೆಯಲ್ಲಿ ಹೆಣ್ಣುಮಕ್ಕಳಿಗೆ ಜಾಗ ಮೀಸಲಾದಾಗ ಊರಿನವರು ಇವರನ್ನು ಹುಡುಕಿಕೊಂಡು ಬಂದರು. ಗಜರಾಕ್ಕ ನೌಕರಿ ಬಿಟ್ಟು ಚುನಾವಣೆಗೆ ನಿಂತರು, ಗೆದ್ದರು. ನೌಕರಿಯ ಜೊತೆ ಸ್ಟ್ಯಾಂಡಿನೊಳಗಿನ ಹಲಗೆಯೂ ಕೈಬಿಟ್ಟಿತು. ಜಗದಾಳೆಯ ಅಪ್ಪ ತನ್ನ ಗೋಡೆ ಕೊಟ್ಟ. ನಗರಸೇವಕಿಯಾಗಿ ಮಾಡಿಸಿದ್ದೇನು ಎಂದರೆ ಗಜರಾಕ್ಕ ರಸ್ತೆ ತೋರಿಸುವುದಿಲ್ಲ, ಸ್ಟ್ಯಾಂಡಿನ ಹಿಂದೆ ಹೆಂಗಸರಿಗಾಗಿ ಕಟ್ಟಿಸಿದ ಮೂರು ಪಾಯಖಾನೆಗಳನ್ನು ತೋರಿಸುತ್ತಾರೆ. ಮೂರಕ್ಕೂ ಒಳಗಿನಿಂದ ಚಿಲಕವಿದೆ. "ನನ್ನ ಕಾದಂಬರಿ ಎಷ್ಟು ಮಂದಿ ಓದಿದ್ರೋ ಗೊತ್ತಿಲ್ಲ. ಈ ಚಿಲಕ ದಿನಾ ಮುನ್ನೂರು ಮಂದಿ ಹಾಕ್ಕೋತಾರ."

ಈಗ ಹಗಲೆಲ್ಲ ತಹಸೀಲ ಕಚೇರಿಯ ಎದುರು ಕೂತು ಅರ್ಜಿ ಬರೆದುಕೊಡುತ್ತಾರೆ. ಹೊಟ್ಟೆ ನಡೆಯುವುದು ಅದರಿಂದ. ಹಲಗೆಯಿಂದ ಏನೂ ಹುಟ್ಟುವುದಿಲ್ಲ, ಜಗದಾಳೆಯ ಒಂದು ಚಹಾ ಬಿಟ್ಟರೆ.

ಇನ್ನು ಬಲಮೂಲೆ.

1996ರ ಜೂನ್. ಬುಧವಾರದ ಸಂತೆಯಲ್ಲಿ ಗಜರಾಕ್ಕ ಹುರಿದ ಶೇಂಗಾ ಕೊಂಡರು. ತಿಂದು ಮುಗಿಸಿ ಪೊಟ್ಟಣ ಬಿಚ್ಚಿದರೆ, ಆ ಹಾಳೆಯ ಮೇಲೆ ಊರ ವಾಚನಾಲಯದ ದುಂಡನೆಯ ಮುದ್ರೆ. ಅವರ ಮೈ ಉರಿದುಹೋಯಿತು. ಅವರಿಗೆ ಓದು ಕೊಟ್ಟದ್ದೇ ಆ ವಾಚನಾಲಯ. ಅದರ ಪುಸ್ತಕ ರದ್ದಿಗೆ ಹೋಗುವುದೆಂದರೇನು? ಮರುದಿನ ಬೆಳಗ್ಗೆ ಹಲಗೆಯ ಮೊದಲ ಸಾಲು: "ವಾಚನಾಲಯದ ಪುಸ್ತಕಗಳಲ್ಲಿ ಶೇಂಗಾ ಕಟ್ಟುತ್ತಿದ್ದಾರೆ. ಬೀಗದ ಕೈ ಯಾರ ಬಳಿ ಇದೆಯೋ ಅವರು ಉತ್ತರ ಹೇಳಲಿ."

ಬೀಗದ ಕೈ ಇದ್ದದ್ದು ಒಬ್ಬರ ಬಳಿ. ಗ್ರಂಥಪಾಲ ದಿನಕರ ತಾರಳೇಕರ ಇಪ್ಪತ್ತೆರಡು ವರ್ಷ ಅದರಿಂದಲೇ ಬಾಗಿಲು ತೆಗೆದವರು. ಹೆಸರು ಬರೆಯದಿದ್ದರೂ ಊರು ಓದಿಕೊಂಡಿತು. ಮಧ್ಯಾಹ್ನದೊಳಗೆ ವಾಚನಾಲಯದ ಸಮಿತಿ ಬೀಗದ ಕೈ ಇಸಿದುಕೊಂಡು ಅವರನ್ನು ಮನೆಗೆ ಕಳಿಸಿತು.

ಹನ್ನೊಂದು ದಿನ ಕಳೆದ ಮೇಲೆ ಗಜರಾಕ್ಕ, ಶೇಂಗಾದವನಿಗೆ ಆ ಕಾಗದ ಮಾರಿದ್ದ ರದ್ದಿ ಅಂಗಡಿಗೆ ಹೋದರು. ಕೇಳಿದ ತಕ್ಷಣ ಅಂಗಡಿಯವ ಹೇಳಿದ. ತೀರಿಕೊಂಡ ವಕೀಲರೊಬ್ಬರ ಟ್ರಂಕನ್ನು ಅವರ ಮನೆಯವರು ಇದ್ದ ಹಾಗೇ ತೂಕಕ್ಕೆ ಹಾಕಿದ್ದರು. ವಕೀಲರು ವಾಚನಾಲಯಕ್ಕೆ ಹಿಂತಿರುಗಿಸದ ನಾಲ್ಕು ಪುಸ್ತಕ ಅದರಲ್ಲಿದ್ದವು. ತಾರಳೇಕರರು ಆ ನಾಲ್ಕಕ್ಕಾಗಿ ವಕೀಲರಿಗೆ ಮೂರು ಸಲ ಪತ್ರ ಬರೆದಿದ್ದರು.

"ಆ ಅಂಗಡಿ ಹಲಗಿಯಿಂದ ಇನ್ನೂರು ಹೆಜ್ಜಿ," ಎನ್ನುತ್ತಾರೆ ಗಜರಾಕ್ಕ. "ಬರಿಯೋಕಿಂತ ಮೊದಲ ಹೋಗಬೇಕಿತ್ತು. ಬರೆದ ಮ್ಯಾಲ ಹೋದೆ. ನಾ ಮಾಡಿದ್ದು ಇಷ್ಟ."

ಮರುದಿನವೇ ತಪ್ಪೊಪ್ಪಿಗೆ ಬರೆದರು. ಒಂಬತ್ತು ಗಂಟೆಗೆ ಮಳೆ ಬಂದು ಹಲಗೆ ತೊಳೆದುಹೋಯಿತು. ಮತ್ತೆ ಬರೆದರು. ನಗರಸೇವಕಿಯ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ತಾರಳೇಕರರಿಗೆ ಬೀಗದ ಕೈ ಹಿಂದಕ್ಕೆ ಸಿಕ್ಕಿತು. ಆದರೂ ಅವರು ಚಹಾಕ್ಕೆ ಬಂದರೆ ಯಾರೋ ಒಬ್ಬ "ಅಣ್ಣಾ, ಶೇಂಗಾ ತಿಂತೀರೇನ್ರಿ?" ಅನ್ನುವುದು ನಿಲ್ಲಲಿಲ್ಲ. ಅದು ಕಿವಿಗೆ ಬಿದ್ದ ದಿನ ಗಜರಾಕ್ಕ ಹಲಗೆಯ ಬಲಮೂಲೆಯನ್ನು ಗೆರೆ ಹಾಕಿ ಬೇರೆ ಮಾಡಿದರು. ಅಲ್ಲಿ ಬರೆದರು: "ದಿನಕರ ತಾರಳೇಕರ ವಾಚನಾಲಯದ ಒಂದು ಪುಸ್ತಕವನ್ನೂ ಮಾರಿಲ್ಲ. ತಪ್ಪು ಬರೆದವಳು ನಾನು. ಗಜರಾ ಧುಮಾಳ."

ಉಳಿದ ಹಲಗೆ ದಿನಾ ಒರೆಸಿದರೂ ಆ ಮೂಲೆಯನ್ನು ಒರೆಸಲಿಲ್ಲ. ಅಕ್ಷರ ಮಾಸಿದಂತೆಲ್ಲ ಅದರ ಮೇಲೆಯೇ ತೀಡುತ್ತಿದ್ದರು. ತಾರಳೇಕರರು ದಿನಾ ಆರಕ್ಕೆ ಬಂದು, ಹಲಗೆಗೆ ಬೆನ್ನು ಹಾಕಿ ಬೆಂಚಿನ ಮೇಲೆ ಕೂತು, ಚಹಾ ಕುಡಿದು ಹೋಗುತ್ತಿದ್ದರು. ಒಂದು ಮಾತು ಆಡಿದವರಲ್ಲ. ಹೀಗೆ ಇಪ್ಪತ್ತೊಂಬತ್ತು ವರ್ಷ.

ಕಳೆದ ತಿಂಗಳು, ತುಳಸಿ ಮದುವೆಯ ಹಬ್ಬ ಮುಗಿದ ವಾರ, ಅವರು ಐದಕ್ಕೇ ಬಂದರು. ಎಂಬತ್ತೊಂದರ ಮುದುಕ, ಕೋಲು ಊರಿಕೊಂಡು ನೇರ ಹಲಗೆಯ ಮುಂದೆ ನಿಂತರು.

"ಗಜರಾಬಾಯಿ, ಅದನ್ನ ಅಳಸ್ರಿ."

ಗಜರಾಕ್ಕ ಸ್ಟೂಲಿನಿಂದ ಇಳಿದರು. "ಅಳಸಿದ್ರ ಊರು ಮರೀತೈತಿ, ಅಣ್ಣಾ."

"ಮರೀಲಿ ಅಂತನ ಹೇಳಾಕತ್ತೇನಿ. ಮೊನ್ನೆ ನಮ್ಮ ಮಮ್ಮಗಳು ಸಾಯಲೀನ ನೋಡಾಕ ಕರಾಡದಿಂದ ಗಂಡಿನ ಕಡಿಯವರು ಬಂದಿದ್ರು. ಬಸ್ ಇಳದು ನಿಮ್ಮ ಹಲಗಿ ಓದಿಕೊಂಡ ಮನಿಗೆ ಬಂದ್ರು. ಹುಡುಗಿ ಪೋಹೆ ತಂದಿಟ್ಟಳು. ತಿನ್ನೂಮುಂದ ಹುಡುಗನ ಸೋದರಮಾವ ಕೇಳ್ತಾನ, 'ಅಜ್ಜಾರ, ನೀವು ಪುಸ್ತಕ ಮಾರಿಲ್ಲ ಅಂತ ಸ್ಟ್ಯಾಂಡ್ನ್ಯಾಗ ಬರದಾರಲ್ಲ, ಏನದು?' ಮಮ್ಮಗಳ ಮುಂದ ನಾ ಏನಂತ ಹೇಳ್ಲಿ?"

"ಖರೇ ಹೇಳ್ರಿ. ತಪ್ಪು ನಂದಂತ ಹೇಳ್ರಿ."

"ತಪ್ಪು ನಿಮ್ದು, ಹೆಸರು ನಂದು. ಒಂದ ದಿನ ನನ್ನ ಕಳ್ಳ ಅಂದ್ರಿ. ಆಮ್ಯಾಲ ಇಪ್ಪತ್ತೊಂಬತ್ತು ವರ್ಷ ದಿನಾ ಮುಂಜಾನೆ ಕಳ್ಳ ಅಲ್ಲ ಅಂದ್ರಿ. ಯಾವುದರಿಂದ ಹೆಚ್ಚು ಮಂದಿಗೆ ಗೊತ್ತಾತು, ನೀವ ಹೇಳ್ರಿ."

ಈಗ ಆ ಮಾತು ಎತ್ತಿದರೆ ಗಜರಾಕ್ಕ ಸೀಮೆಸುಣ್ಣ ಕೆಳಗಿಡುತ್ತಾರೆ.

"ವ್ಯಾಖ್ಯಾನಕ್ಕ ಹೋದಲ್ಲೆಲ್ಲ ಆ ಮೂಲಿ ಕತಿ ಹೇಳ್ತಿದ್ದೆ ನಾ. ತಪ್ಪು ಒಪ್ಪಿಕೊಳ್ಳೋದು ಹೆಂಗ ಅಂತ. ಮಂದಿ ಚಪ್ಪಾಳಿ ಹೊಡೀತಿದ್ರು, ಶಾಲು ಹಾಕ್ತಿದ್ರು. ಚಪ್ಪಾಳಿ ನನಗ, ಹೆಸರು ಅವರ್ದು. ಪ್ರಾಯಶ್ಚಿತ್ತ ಅಂತ ತಿಳಕೊಂಡಿದ್ದೆ. ಅವರನ್ನ ಒಮ್ಮೆ ಕೇಳಬೇಕಿತ್ತಲ್ಲ. ಮತ್ತ ಅದ ತಪ್ಪು, ನೋಡ್ರಿ. ಇನ್ನೂರು ಹೆಜ್ಜಿ ನಡೀದ ಬರೆದದ್ದು."

ಅವತ್ತು ಅವರು ಒದ್ದೆ ಬಟ್ಟೆ ತೆಗೆದುಕೊಂಡು ಮೂಲೆ ಒರೆಸಿದರು. ಒಣಗಿದ ಮೇಲೆ ಹೆಸರು ಮತ್ತೆ ಕಂಡಿತು. ಜಗದಾಳೆ ಪಾತ್ರೆ ತಿಕ್ಕುವ ನಾರು ಕೊಟ್ಟ. ತಿಕ್ಕಿದರು. ಆದರೂ ಕಂಡಿತು, ಬೂದಿ ಬಣ್ಣದಲ್ಲಿ. ತೀಡಿ ತೀಡಿ ಅಕ್ಷರ ಹಲಗೆಯೊಳಗೇ ಇಳಿದಿತ್ತು. ಬೆಂಚಿನ ಮೇಲಿದ್ದ ತಾರಳೇಕರರು ಎದ್ದು ಮನೆಗೆ ಹೋದರು. ಕಿಟಕಿಗೆ ಬಳಿದು ಉಳಿದಿದ್ದ ಕಪ್ಪು ಬಣ್ಣದ ಡಬ್ಬಿ, ಒಂದು ಬ್ರಶ್ ತಂದರು. ಡಬ್ಬಿಯನ್ನು ಗಜರಾಕ್ಕ ಹಿಡಿದರು. ತಾರಳೇಕರರು ತಮ್ಮ ಹೆಸರಿನ ಮೇಲೆ ತಾವೇ ಬಣ್ಣ ಬಳಿದರು. ಎರಡು ಸಲ ಬಳಿದರು.

ಆ ದಿನ ಹಲಗೆಯಲ್ಲಿ ಒಂದು ಸಾಲೂ ಇರಲಿಲ್ಲ. ಪುಣೆ ಬಸ್ಸಿನವರು ಗಾಬರಿಯಾಗಿ "ಯಾರು ಹೋದ್ರು, ಅಕ್ಕಾ?" ಎಂದು ಕೇಳಿದರು. "ಯಾರೂ ಹೋಗಿಲ್ಲ. ಬಣ್ಣ ಒಣಗಬೇಕು," ಎಂದರು ಗಜರಾಕ್ಕ.

ಸಾಯಲಿಯ ಸಂಬಂಧ ಕೂಡಿಬಂದಿದೆ. ನಿನ್ನೆ ಸಂಜೆ ತಾರಳೇಕರರು ತಹಸೀಲ ಕಚೇರಿಯವರೆಗೆ ನಡೆದು ಬಂದು ಗಜರಾಕ್ಕನ ಕೈಗೆ ಒಂದು ಚೀಟಿ ಕೊಟ್ಟಿದ್ದಾರೆ. ಜೊತೆಗೆ ಒಂದು ಷರತ್ತು: "ಎಲ್ಲಾರದು ಬರೀತೀರಲ್ಲ, ಹಂಗ ಸಾಲಿನಾಗ ಬರೀರಿ. ದಪ್ಪ ಅಕ್ಷರ ಬ್ಯಾಡ. ಗೆರಿ ಹಾಕೋದು ಬ್ಯಾಡ."

ಇವತ್ತಿನ ಹನ್ನೊಂದನೆಯ ಸಾಲು ಅದು: "ದಿನಕರ ತಾರಳೇಕರರ ಮೊಮ್ಮಗಳು ಸಾಯಲಿಯ ಮದುವೆ ಬರುವ ರವಿವಾರ. ಊರವರೆಲ್ಲ ಊಟಕ್ಕೆ ಬರಬೇಕು." ಅದರ ಮೇಲಿನ ಸಾಲಿನಲ್ಲಿ ಆಲೂಗಡ್ಡೆ ಬೀಜ ಬಂದಿದೆ, ಕೆಳಗಿನ ಸಾಲಿನಲ್ಲಿ ಯಾರದೋ ಕನ್ನಡಕ ಸಿಕ್ಕಿದೆ. ಆರಕ್ಕೆ ತಾರಳೇಕರರು ಬರುತ್ತಾರೆ. ಬೆಂಚನ್ನು ತಿರುಗಿಸಿಕೊಂಡು, ಹಲಗೆಗೆ ಮುಖ ಮಾಡಿ ಕೂರುತ್ತಾರೆ. ಹದಿನಾಲ್ಕೂ ಸಾಲು ಓದುತ್ತಾರೆ. ಚಹಾ ಮುಗಿಸಿ ಏಳುವಾಗ, "ಎಮ್ಮಿ ಸಿಕ್ಕೈತಂತ, ಅಕ್ಕಾ. ನಾಳೆ ಬರೀರಿ," ಎನ್ನುತ್ತಾರೆ. ಅಕ್ಕಾ ಎಂದದ್ದು ಗಜರಾಕ್ಕನ ಕಿವಿಗೆ ಬಿದ್ದಿದೆ. ಅವರು ಹಲಗೆಯ ಕಡೆ ತಿರುಗಿ, ಸರಿಯಾಗಿಯೇ ಇರುವ ಒಂದು ಅಕ್ಷರವನ್ನು ಮತ್ತೆ ತಿದ್ದುತ್ತಾರೆ.

ಮರುದಿನ ಐದಕ್ಕೆ ಇನ್ನೂ ಹತ್ತು ನಿಮಿಷ ಇದೆ. ಗಜರಾಕ್ಕ ಬಟ್ಟೆ ನೆನೆಸಿ ಒರೆಸುತ್ತಿದ್ದಾರೆ. ಪಾಟಣದ ಬಸ್ಸು ಹೋಯಿತು, ಎಮ್ಮೆ ಹೋಯಿತು, ಆಲೂಗಡ್ಡೆ ಬೀಜ ಹೋಯಿತು. ಹನ್ನೊಂದನೆಯ ಸಾಲಿನಲ್ಲಿ ದಿನಕರ ತಾರಳೇಕರರ ಹೆಸರಿನ ಮೇಲೆ ಬಟ್ಟೆ ಹಾಯುತ್ತದೆ. ಒಂದೇ ಎಳೆತಕ್ಕೆ ಹೋಗುತ್ತದೆ, ಗುರುತೂ ಉಳಿಯುವುದಿಲ್ಲ. ಕೈ ಅಲ್ಲಿ ನಿಲ್ಲದೆ ಮುಂದಿನ ಸಾಲಿಗೆ ಇಳಿಯುತ್ತದೆ.

ಇನ್ನೇನು ಆಸೆ ಇದೆ ಎಂದು ಕೇಳಿದರೆ ಅವರು ಹೊಸ ಸೀಮೆಸುಣ್ಣ ಮುರಿದುಕೊಳ್ಳುತ್ತಾ ಹೇಳುತ್ತಾರೆ: "ಒಂದಿನ ನನ್ನ ಹೆಸರೂ ಹಿಂಗ ಬರಲಿ. ಒಂದ ಸಾಲು, ಎಲ್ಲಾರ ನಡುವ. ಮರುದಿನ ಮುಂಜಾನೆ ಯಾರರೆ ಒರಸಲಿ, ಒರಸಿ ಬಸ್ಸಿನ ಟೈಮ್ ಬರೀಲಿ."