ಎರಡನೇ ಲಗ್ನಪತ್ರಿಕೆ

ನಮ್ಮ ಮದುವೆಯಲ್ಲಿ ಹೋಳಿಗೆ ಸಾಲಲಿಲ್ಲ, ಕುರ್ಚಿ ಸಾಲಲಿಲ್ಲ, ಪುರೋಹಿತರ ತಾಳ್ಮೆಯಂತೂ ಮೊದಲ ಅರ್ಧ ಗಂಟೆಗೇ ಮುಗಿದಿತ್ತು. ಧಾರಾಳವಾಗಿ ಉಳಿದದ್ದು ಲಗ್ನಪತ್ರಿಕೆ ಮಾತ್ರ. ಮಾವನವರು ಇಡೀ ತುಮಕೂರು ಜಿಲ್ಲೆಯನ್ನು ಕರೆಯುವ ಹುಮ್ಮಸ್ಸಿನಲ್ಲಿ ಅಚ್ಚು ಹಾಕಿಸಿ, ಅರ್ಧ ಜಿಲ್ಲೆಯ ಜೊತೆ ತಾವು ಮಾತು ಬಿಟ್ಟಿರುವುದನ್ನು ಆಮೇಲೆ ನೆನಪು ಮಾಡಿಕೊಂಡಿದ್ದರು. ಮೇಲೆ ಗಣಪತಿಯ ಚಿತ್ರ ಇದ್ದದ್ದರಿಂದ ಉಳಿದದ್ದನ್ನು ಕಸಕ್ಕೆ ಹಾಕುವ ಹಾಗಿಲ್ಲ, ರದ್ದಿಗೂ ಕೊಡುವ ಹಾಗಿಲ್ಲ. "ನೀವೇ ತಗೊಂಡ್ಹೋಗಿ, ನೆನಪಿಗಿರುತ್ತೆ" ಎಂದು ಅತ್ತೆ ಆ ರಟ್ಟಿನ ಡಬ್ಬವನ್ನು ಚಟ್ನಿಪುಡಿಯ ಪಕ್ಕ ತುರುಕಿದರು. ಹೀಗೆ ಸಂಸಾರ ಹೂಡಲು ಬರೋಡಾಕ್ಕೆ ಹೊರಟ ನಮ್ಮ ಬಳಿ ಒಂದು ಕುಕ್ಕರ್ ಮತ್ತು ಸುಮಾರು ಮುನ್ನೂರು ಗಣಪತಿಗಳಿದ್ದರು.

ಆ ಪತ್ರಿಕೆ ಕಂಡರೆ ನನಗಾಗುತ್ತಿರಲಿಲ್ಲ. ನನಗೆ ಒಂಬತ್ತು ವರ್ಷವಿದ್ದಾಗ ಅಪ್ಪ ತೀರಿಕೊಂಡರು. ಆಮೇಲೆ ಗದಗಿನ ಒಂದು ಓಣಿಯಲ್ಲಿ ಕೂತು ಊರ ಹೆಂಗಸರ ಬ್ಲೌಸು ಹೊಲಿದು ನನ್ನನ್ನು ಎಂ.ಎಸ್ಸಿ ಓದಿಸಿದವಳು ಅವ್ವ. ಪತ್ರಿಕೆಯಲ್ಲಿ ನಾನು ದಿವಂಗತ ಅಪ್ಪನ ಮಗಳು, ಅಷ್ಟೆ. ಹುಡುಗಿಯ ಕಡೆಯಿಂದ ಜನರನ್ನು ಕರೆದವರು ದೊಡ್ಡಪ್ಪ. ಹದಿನೈದು ವರ್ಷ ನಮ್ಮ ಹೊಸ್ತಿಲು ತುಳಿಯದ ಮನುಷ್ಯ ಅಲ್ಲಿ ಬಂಗಾರದ ಬಣ್ಣದ ಅಕ್ಷರದಲ್ಲಿ ಎಲ್ಲರ ಸುಖಾಗಮನ ಬಯಸುತ್ತಿದ್ದರು. ಅವ್ವನ ಹೆಸರು ಎಲ್ಲೂ ಇರಲಿಲ್ಲ. ಗಂಡ ಸತ್ತವಳ ಹೆಸರನ್ನು ಶುಭಪತ್ರಿಕೆಯಲ್ಲಿ ಹಾಕುವುದಿಲ್ಲವಂತೆ. ಕೆಳಗಡೆ ಪ್ರಿಂಟಿಂಗ್ ಪ್ರೆಸ್ಸಿನ ಹೆಸರಿಗೆ ಮಾತ್ರ ಜಾಗ ಸಿಕ್ಕಿತ್ತು.

ಅಚ್ಚಿಗೆ ಹೋಗುವ ಮೊದಲು ಕರಡು ವಾಟ್ಸಾಪಿಗೆ ಬಂದಿತ್ತು. ನನ್ನ ಗಂಡನಾಗಲಿದ್ದವನು ಅದನ್ನು ನೋಡಿ ತನ್ನ ಅಪ್ಪನಿಗೆ ಹೆಬ್ಬೆರಳಿನ ಚಿತ್ರವೊಂದನ್ನು ಕಳಿಸಿ ಸುಮ್ಮನಾದ. ಎದುರಿಗೆ ಅವನನ್ನು ನಾನು 'ರೀ' ಅಂತಲೇ ಕರೆಯುತ್ತೇನೆ, ಆದರೆ ಈ ಹೆಬ್ಬೆರಳಿನ ವಿಷಯ ಬರೆಯುವಾಗ ಬಹುವಚನ ಕೈಗೆ ಬರುವುದಿಲ್ಲ. ಒಳ್ಳೆಯವನೇ. ಬ್ಯಾಂಕಿನಲ್ಲಿ ಕೆಲಸ, ದಿನವಿಡೀ ಊರವರ ಸಹಿ ಸರಿಯಿದೆಯೋ ಇಲ್ಲವೋ ಎಂದು ನೋಡುತ್ತಾನೆ. ಮನೆಯ ಕಾಗದಗಳನ್ನು ಮಾತ್ರ ಓದದೆಯೇ ಒಪ್ಪುತ್ತಾನೆ. ಮುಹೂರ್ತದ ಹೊತ್ತಿಗೆ ಅವ್ವ ಮಂಟಪದ ಹತ್ತಿರ ಬರಲಿಲ್ಲ, ಊಟದ ಹಾಲಿನಲ್ಲಿ ಬಾಳೆಎಲೆ ಒರೆಸುತ್ತಿದ್ದಳಂತೆ. ಇದು ನನಗೆ ಗೊತ್ತಾದದ್ದು ಮರುದಿನ.

ಬರೋಡಾದಲ್ಲಿ ನಮಗೆ ಮೊದಲು ಸಿಕ್ಕಿದ್ದು ಫತೇಗಂಜಿನಲ್ಲಿ ಒಂದು ತಿಂಡಿ ಅಂಗಡಿಯ ಮೇಲಿನ ಕೋಣೆ. ಸುತ್ತ ಎಲ್ಲ ಕಾಲೇಜು ಹುಡುಗರು. ಅತಿಥಿಗಳಿಗೆ ಪ್ರವೇಶವಿಲ್ಲ ಎಂಬ ಬೋರ್ಡು ಮೆಟ್ಟಿಲಲ್ಲೇ ಇತ್ತು. ಬೆಳಗ್ಗೆ ಗಂಡ ಬ್ಯಾಂಕಿಗೆ ಹೋದ ಮೇಲೆ ನನಗೆ ಅಲ್ಲಿ ಮಾಡಲು ಏನೂ ಇರಲಿಲ್ಲ. ಕತ್ತರಿ ಇತ್ತು, ಡಬ್ಬ ಇತ್ತು, ಸಿಟ್ಟು ಇತ್ತು.

ಕಾಗದ ಕತ್ತರಿಸುವುದು ನಮ್ಮ ಮನೆಯ ವಿದ್ಯೆ. ಅವ್ವ ಬಟ್ಟೆಗೆ ಕತ್ತರಿ ಹಾಕುವ ಮೊದಲು ಹಳೆಯ ಪೇಪರಿನಲ್ಲಿ ಅಳತೆ ಕತ್ತರಿಸುತ್ತಾಳೆ. ಅವಳಿಂದ ಬಂದ ಕೈ ನನ್ನದು. ಮೊದಲ ವಾರ ಎಲ್ಲ ಗಣಪತಿಗಳನ್ನೂ ಬಿಡಿಸಿ ಬಿಸ್ಕತ್ತಿನ ಡಬ್ಬಕ್ಕೆ ಹಾಕಿ ಭದ್ರವಾಗಿ ಮುಚ್ಚಳ ಹಾಕಿದೆ. ದೇವರ ಲೆಕ್ಕ ಚುಕ್ತಾ. ಆಮೇಲೆ ತಡೆಯುವವರೇ ಇರಲಿಲ್ಲ. ಮರೂನ್ ಬಣ್ಣದ ರಟ್ಟಿನಿಂದ ಬಾಗಿಲಿಗೆ ತೋರಣ ಆಯಿತು, ಬೋಳು ಬಲ್ಬಿಗೆ ಬುಟ್ಟಿ ಆಯಿತು, ಚಾಕುವಿಗೆ ಒರೆ ಆಯಿತು, ಮಸಾಲೆ ಸೀಸೆಗಳಿಗೆ ಚೀಟಿ ಆಯಿತು. ದೊಡ್ಡಪ್ಪನ ಹೆಸರಿನ ಮೇಲೆ ಮೂರು ತಿಂಗಳು ಬಿಸಿ ಚಹಾ ಲೋಟ ಇಟ್ಟಿದ್ದೇನೆ, ಅದರಲ್ಲಿ ನನಗೆ ನಾಚಿಕೆಯಿಲ್ಲ. ಗಂಡ ದಿನಾ ಸಂಜೆ ಬಂದು, ಮದುವೆಯ ಯಾವ ಭಾಗ ಈವತ್ತು ಏನಾಗಿದೆ ಎಂದು ನೋಡಿ, ಕೈಕಾಲು ತೊಳೆಯಲು ಹೋಗುತ್ತಿದ್ದ. ಹೀಗೆ ಒಂದು ಪತ್ರಿಕೆಯೂ ಇಡಿಯಾಗಿ ಉಳಿಯದ ಹಾಗೆ ಕತ್ತರಿಸಿ ಮುಗಿಸಿದೆ.

ಅಷ್ಟರಲ್ಲಿ ಅವ್ವನ ಫೋನು ಬಂತು. "ಹಬ್ಬದ ಹೊಲಿಗಿ ಮುಗಿದ ಕೂಡ್ಲೇ ಬರ್ತೀನವಾ. ಟಿಕೆಟ್ ತಗ್ಸೀನಿ. ನಿನ್ನ ಮನಿ ಒಮ್ಮೆ ನೋಡ್ಬೇಕು."

ಮನೆ ಎಲ್ಲಿತ್ತು? ಮೆಟ್ಟಿಲ ಬೋರ್ಡಿನ ಕೆಳಗೆ ಅವ್ವನನ್ನು ನಿಲ್ಲಿಸಲೇ? ಕರ್ನಾಟಕದಾಚೆ ಕಾಲಿಡದವಳು ಒಂದಿಡೀ ದಿನ ರೈಲಿನಲ್ಲಿ ಕೂತು ಬರುತ್ತಾಳೆ. ನನ್ನ ಮದುವೆಯಲ್ಲಿ ಅವಳು ಊಟದ ಹಾಲಿನಲ್ಲಿದ್ದಳು. ನನ್ನ ಮನೆಯಲ್ಲಾದರೂ ಮುಂಬಾಗಿಲಿನಿಂದ ಒಳಗೆ ಬರಬೇಕು ಎಂಬ ಹಟ ನನಗೆ ಹಿಡಿಯಿತು. ಇದ್ದದ್ದು ಮೂರು ವಾರ.

ಮನೆ ಹುಡುಕುವುದು ಎಂದರೆ ಮನೆಯವರು ನಮ್ಮನ್ನು ನೋಡುವುದು ಎಂದು ಬೇಗ ತಿಳಿಯಿತು. ಹೆಣ್ಣು ನೋಡುವ ಶಾಸ್ತ್ರವೇ, ಉಪ್ಪಿಟ್ಟು ಮಾತ್ರ ಇಲ್ಲ. ಒಂದು ಕಡೆ ವೆಜ್ ಎಂದ ಮೇಲೆ ಈರುಳ್ಳಿ ತಿನ್ನುತ್ತೀರಾ ಎಂದು ಕೇಳಿದರು. ಇನ್ನೊಂದು ಕಡೆ ಹಾಲಿನ ತುಂಬ ಒಂದು ಉಯ್ಯಾಲೆ. ಅದು ತಮ್ಮ ಮಾವನದು, ತೆಗೆಯುವ ಹಾಗಿಲ್ಲ, ಭಾನುವಾರ ತಾವು ಬಂದು ತೂಗಿಕೊಂಡು ಹೋಗುತ್ತೇವೆ ಎಂದರು. ಮೂರನೇ ಮನೆಯ ಅಜ್ಜಿ ನನ್ನ ಹೊಟ್ಟೆ ನೋಡಿ, ಈಗ ಇಬ್ಬರು ಸರಿ, ಮುಂದೆ ಎಷ್ಟು ಜನ ಎಂದು ವಿಚಾರಿಸಿದರು. ನನಗೆ ಗೊತ್ತಾದ ಕೂಡಲೇ ನಿಮಗೇ ಮೊದಲು ತಿಳಿಸುತ್ತೇನೆ ಎಂದೆ. ಮನೆ ತೋರಿಸುತ್ತಿದ್ದ ದಲ್ಲಾಳಿ ಆ ದಿನ ನಮ್ಮನ್ನು ಅರ್ಧಕ್ಕೇ ಬಿಟ್ಟು ಹೋದ.

ಕೊನೆಗೆ ಮಂಜಲ್‌ಪುರದಲ್ಲಿ ಎರಡನೇ ಮಹಡಿಯ ಒಂದು ಫ್ಲ್ಯಾಟ್ ಸಿಕ್ಕಿತು. ಅಡುಗೆಮನೆಗೆ ಬೆಳಕು, ಚಿಕ್ಕದೊಂದು ಕೋಣೆ ಅವ್ವನಿಗೆ. ಮಾಲೀಕರು ಸೂರತ್ತಿನಲ್ಲಿ ಸೀರೆ ವ್ಯಾಪಾರದವರು. ಸೊಸೈಟಿಯ ಸೆಕ್ರೆಟರಿ ಒಪ್ಪಿದರೆ ತಾವೂ ಒಪ್ಪಿದಂತೆ ಎಂದು ಫೋನಿನಲ್ಲೇ ಹೇಳಿ ಕೈತೊಳೆದುಕೊಂಡರು. ಸೆಕ್ರೆಟರಿ ಮಕರಪುರದ ಕಾರ್ಖಾನೆಯೊಂದರಿಂದ ನಿವೃತ್ತರಾದ ಹಿರಿಯರು, ಇಡೀ ಕಟ್ಟಡಕ್ಕೆ ಕಾಕಾ. ಅವರ ಮೇಜಿನ ಮೇಲೆ ಫ್ಲ್ಯಾಟಿಗೊಂದು ಫೈಲು.

ಕಾಕಾ ನಮ್ಮಿಬ್ಬರ ಆಧಾರ್ ಕಾರ್ಡನ್ನು ಪಕ್ಕಪಕ್ಕ ಇಟ್ಟು ತುಂಬ ಹೊತ್ತು ನೋಡಿದರು. ಅವರ ಕಡೆ ಹೆಂಡತಿಯ ಹೆಸರಿನ ನಡುವೆ ಗಂಡನ ಹೆಸರಿರುತ್ತದೆ, ಕೊನೆಗೆ ಇಬ್ಬರಿಗೂ ಒಂದೇ ಅಡ್ಡಹೆಸರು. ನನ್ನದರಲ್ಲಿ ನಾನು ಮತ್ತು ಅಪ್ಪ, ಗಂಡನದರಲ್ಲಿ ಒಂದು ಊರು, ಒಂದು ಇನಿಷಿಯಲ್ಲು. ಇವರು ಗಂಡಹೆಂಡತಿ ಎಂದು ಹೇಳುವ ಒಂದು ಅಕ್ಷರವೂ ಅಲ್ಲಿರಲಿಲ್ಲ. ಮದುವೆ ರಿಜಿಸ್ಟರ್ ಮಾಡಿಸುವುದು ಮುಂದಿನ ರಜೆಗೆ ಎಂದುಕೊಂಡಿದ್ದೆವು. ಕೊರಳಿನ ತಾಳಿ ತೋರಿಸಿದೆ. ಅದು ಬಜಾರಿನಲ್ಲಿ ಸಿಗುತ್ತದೆ ಎಂದರು. ಮೊಬೈಲಿನಲ್ಲಿ ಮದುವೆಯ ಫೋಟೋ ತೋರಿಸಿದೆ. ಫೋಟೋ ನೋಡಿದರು, ನನ್ನ ಮುಖ ನೋಡಿದರು, ಮತ್ತೆ ಫೋಟೋ ನೋಡಿದರು. ಮೇಕಪ್ಪಿನವಳು ಮಾಡಿದ ಕೆಲಸಕ್ಕೆ ನಾನು ಅವರನ್ನು ದೂರಲಾರೆ.

"ಕಂಕೋತ್ರಿ ಲೇಕೆ ಆವೋ, ಬೇನ್," ಎಂದರು ಕೊನೆಗೆ. ಲಗ್ನಪತ್ರಿಕೆ ತನ್ನಿ ಎಂದು. ಅವರ ಪ್ರಕಾರ ಫೋಟೋ ಯಾರು ಬೇಕಾದರೂ ತೆಗೆಸಿಕೊಳ್ಳಬಹುದು, ಆದರೆ ನೆಂಟರಿಷ್ಟರನ್ನೆಲ್ಲ ಕರೆದು ಸುಳ್ಳು ಹೇಳುವ ಧೈರ್ಯ ಯಾರಿಗೂ ಇರುವುದಿಲ್ಲ. ಸೋಮವಾರದೊಳಗೆ ಕೊಡಬೇಕು, ಇನ್ನೊಂದು ಕುಟುಂಬವೂ ಮನೆ ನೋಡಿಕೊಂಡು ಹೋಗಿದೆ ಎಂದರು. ಗಂಡ ನಿಧಾನವಾಗಿ ನನ್ನ ಕಡೆ ತಿರುಗಿದ. ನಾನು ಕಾಕಾನ ಹಿಂದಿನ ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತೆ.

ಆಟೋದಲ್ಲಿ ಅವನೇ ಮಾತು ತೆಗೆದ. "ಅದಕ್ಯಾಕೆ ಯೋಚನೆ? ಕಾರ್ಡಿನ ಕರಡು ನನ್ನ ಮೊಬೈಲಲ್ಲೇ ಇದೆ. ಕಲರ್ ಪ್ರಿಂಟ್ ತೆಗೆಸಿಬಿಟ್ರೆ ಆಯ್ತು ಕಣೇ."

"ಅದು ಬ್ಯಾಡ್ರೀ."

"ಯಾಕೆ?"

"ನಮ್ಮವ್ವ ಬರೋ ಮನಿಗೆ ಅವಳ ಹೆಸರಿಲ್ಲದ ಕಾಗದ ಕೊಟ್ಟು ಒಳಗ ಹೋಗೂದು ನನ್ನಿಂದ ಆಗಂಗಿಲ್ಲ."

"ಅದೊಂದು ಕಾಗದ ಅಷ್ಟೇ. ಅಲ್ಲಿ ಯಾರಿಗೂ ಕನ್ನಡ ಓದೋಕೂ ಬರಲ್ಲ."

"ನಿಮಗ ಬರ್ತಿತ್ತಲ್ಲ. ನೀವು ಓದಿ ಹೆಬ್ಬೆರಳು ಒತ್ತಿದ್ರಿ."

ಆಟೋದವನು ಕನ್ನಡಿಯಲ್ಲಿ ನಮ್ಮನ್ನು ನೋಡಿದ. ಭಾಷೆ ಗೊತ್ತಿಲ್ಲದಿದ್ದರೂ ವಿಷಯ ಗೊತ್ತಾಗಿರಬೇಕು, ರೇಡಿಯೋ ಸಣ್ಣ ಮಾಡಿದ. ಮೂರು ತಿಂಗಳಿಂದ ನಾನು ಕಾಗದದ ಮೇಲೆ ತೀರಿಸಿಕೊಳ್ಳುತ್ತಿದ್ದ ಸಿಟ್ಟು ಅವನ ಮೇಲಿನದೇ ಎಂದು ಆವತ್ತು ಇಬ್ಬರಿಗೂ ತಿಳಿದುಹೋಯಿತು. ಮನೆ ಕೈತಪ್ಪಿದರೆ ಅವ್ವನನ್ನು ಬರಬೇಡ ಎನ್ನಬೇಕಾಗುತ್ತದೆ ಎಂಬ ಭಯ ಬೇರೆ. ನನ್ನ ಹಟದಿಂದಲೇ ಅವಳು ಗದಗಿನಲ್ಲಿ ಉಳಿಯುವ ಹಾಗಾದರೆ?

ಮರುದಿನ ಎರಡನೇ ಶನಿವಾರ, ಬ್ಯಾಂಕಿಗೆ ರಜೆ. ಊಟವಾದ ಮೇಲೆ ಗಂಡ ಸ್ಟೂಲು ಹತ್ತಿ ಬಲ್ಬಿನ ಬುಟ್ಟಿಯನ್ನು ಬಿಚ್ಚಿ ಕೆಳಗಿಳಿಸಿದ. ನಾನು ದಿನಸಿ ಪಟ್ಟಿ ಬರೆಯಲು ಪತ್ರಿಕೆಗಳಿಂದ ಬಿಡಿಸಿಟ್ಟುಕೊಂಡಿದ್ದ, ಏನೂ ಅಚ್ಚಾಗದ ಹಿಂಬದಿಯ ಹಾಳೆಗಳಲ್ಲಿ ಒಳ್ಳೆಯದೊಂದನ್ನು ಆರಿಸಿದ. ಆಮೇಲೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಪೆನ್ನಿನ ಮುಚ್ಚಳ ತೆಗೆದು ಕೇಳಿದ.

"ಅತ್ತೆ ಹೆಸರು ಮೊದಲು ಬರೀಲಾ, ನಡುವೆ ಬರೀಲಾ?"

ಮೊದಲು ಎಂದೆ. ದೊಡ್ಡದಾಗಿ ಎಂದೆ.

ಅವನ ಅಕ್ಷರ ಮುತ್ತಿನಂತಿದೆ, ಅದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಮೇಲೆ ಅವ್ವನ ಹೆಸರು. ನನ್ನ ಏಕೈಕ ಪುತ್ರಿಯ ವಿವಾಹಕ್ಕೆ ತಾವೆಲ್ಲ ಬರಬೇಕು ಎಂದು ಅವ್ವನೇ ಕರೆಯುತ್ತಿದ್ದಾಳೆ. ಕೆಳಗೆ ನಾನು, ಅವನು, ಅವನ ಅಪ್ಪ ಅಮ್ಮ. ನನ್ನ ಅಪ್ಪನ ಹೆಸರನ್ನೂ ಬರೆದೆವು, ಅವರೇನು ತಪ್ಪು ಮಾಡಿದ್ದರು? 'ಆಶೀರ್ವಾದವೇ ಉಡುಗೊರೆ' ಬೇಡ ಎಂದು ಅವನೇ ಬಿಟ್ಟ. ತನ್ನ ಅಪ್ಪ ಅದನ್ನು ಅಚ್ಚು ಹಾಕಿಸಿ, ನಂಬಿ ಬರಿಗೈಯಲ್ಲಿ ಬಂದವರನ್ನು ಇನ್ನೂ ಬೈಯುತ್ತಿದ್ದಾರೆ ಎಂದ. ನಾನು ಬುಟ್ಟಿಯ ರಟ್ಟನ್ನು ಮಟ್ಟಸ ಮಾಡಿ, ತೋರಣದಿಂದ ಅಂಚು ಕತ್ತರಿಸಿ ಅಂಟಿಸಿದೆ. ಬಿಸ್ಕತ್ತಿನ ಡಬ್ಬ ತೆಗೆದು, ಇದ್ದುದರಲ್ಲಿ ಅಚ್ಚು ಚೆನ್ನಾಗಿ ಬಂದಿದ್ದ ಒಬ್ಬ ಗಣಪತಿಯನ್ನು ಕೆಲಸಕ್ಕೆ ಕರೆದೆ.

ಮುಹೂರ್ತದ ಸಮಯಕ್ಕೆ ಬಂದಾಗ ಇಬ್ಬರೂ ತಡವರಿಸಿದೆವು. ಅವನು ಹನ್ನೆರಡೂವರೆ ಎಂದ, ನಾನು ಹನ್ನೆರಡು ಕಾಲು ಎಂದೆ. ಹೋಮದ ಹೊಗೆಯಲ್ಲಿ ಕಣ್ಣು ಬಿಡಲಾಗದವರು ಗಡಿಯಾರವನ್ನೆಲ್ಲಿ ನೋಡಿದ್ದೇವು? ಕರಡನ್ನು ತೆರೆದು ನೋಡೋಣ ಎಂದು ಅವನು ಕೇಳಲೂ ಇಲ್ಲ, ನಾನು ಹೇಳಲೂ ಇಲ್ಲ. ಹನ್ನೆರಡು ಕಾಲು ಎಂದೇ ಬರೆದ. ಬ್ಯಾಂಕಿನವನು ತನ್ನ ಜೀವನದಲ್ಲಿ ಮಾಡಿದ ಮೊದಲ ಸುಳ್ಳು ದಾಖಲೆ ಅದು. ಬರೆದು ಮುಗಿಸಿ, ಕಾಗದ ನೋಡುತ್ತಲೇ, "ಆವತ್ತು ನಾನು ಅಪ್ಪನಿಗೆ ಹೇಳಬೇಕಿತ್ತು. ತಪ್ಪಾಯ್ತು" ಎಂದ. ಹೌದು, ತಪ್ಪೇ ಆಗಿತ್ತು ಎಂದು ನಾನೂ ಹೇಳಿದೆ. ಆಮೇಲೆ ಚಹಾ ಮಾಡಿದೆ.

ಸೋಮವಾರ ಕಾಕಾ ಅದನ್ನು ಎರಡೂ ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದರು. ವರ ಎಲ್ಲಿ, ವಧು ಎಲ್ಲಿ ಎಂದು ಕೇಳಿದರು, ಬೆರಳಿಟ್ಟು ತೋರಿಸಿದೆ. ಮೇಲೆ ದೊಡ್ಡದಾಗಿ ಇರುವುದು ಯಾರು ಎಂದರು. ನನ್ನ ತಾಯಿ, ಕರೆದವರು ಅವರೇ ಎಂದೆ. ಕಾಕಾ ತಲೆಯಾಡಿಸಿ, ಎಲ್ಲರಿಗೂ ಹೀಗೆ ಕೈಯಲ್ಲೇ ಮಾಡಿ ಕೊಟ್ಟಿರಾ ಎಂದು ಬೆರಗಿನಿಂದ ಕೇಳಿದರು. ಒಂದೊಂದನ್ನೂ ಎಂದೆ. ಪಕ್ಕದಲ್ಲಿ ಗಂಡನಿಗೆ ಕೆಮ್ಮು ಬಂತು. ಕಾಕಾನ ಹೆಂಡತಿ ಒಳಗಿನಿಂದ ಬಂದು ಅಂಚಿನ ಕೆಲಸ ನೋಡಿ, ತನ್ನ ಮೊಮ್ಮಗಳಿಗೂ ಇದನ್ನು ಕಲಿಸುತ್ತೀಯಾ ಎಂದರು. ಬೀಗದಕೈ ನಮ್ಮ ಕೈಗೆ ಬಂತು.

ಹತ್ತು ದಿನದ ನಂತರ ಅವ್ವನನ್ನು ಸ್ಟೇಷನ್ನಿನಿಂದ ಕರೆತಂದೆವು. ಕೈಯಲ್ಲಿ ರೊಟ್ಟಿಯ ಗಂಟು, ಹೆಗಲಲ್ಲಿ ಚೀಲ. ಗೇಟು ದಾಟಿದ ಮೇಲೆ ನಾನು ಮುಂದೆ ಮುಂದೆ ಹೋಗುತ್ತಿದ್ದೆ, ಎರಡನೇ ಮಹಡಿಯ ಬಾಗಿಲು ಅವಳು ಹೇಗೆ ದಾಟುತ್ತಾಳೆ ಎಂಬುದೇ ನನ್ನ ತಲೆಯಲ್ಲಿತ್ತು. ಮೆಟ್ಟಿಲ ಬುಡದಲ್ಲಿ ಹಿಂತಿರುಗಿ ನೋಡಿದರೆ ಅವ್ವ ಇಲ್ಲ. ನೋಟಿಸ್ ಬೋರ್ಡಿನ ಮುಂದೆ ನಿಂತಿದ್ದಳು.

ಫೈಲಿಗೆ ಜೆರಾಕ್ಸ್ ಸಾಕು ಎಂದುಕೊಂಡ ಕಾಕಾ, ಅಂದದ ಕೆಲಸ ಎಂದು ನಮ್ಮ ಪತ್ರಿಕೆಯನ್ನು ಅಂದು ಬೆಳಗ್ಗೆಯೇ ಅಲ್ಲಿ ಸಿಕ್ಕಿಸಿದ್ದರು. ಒಂದು ಪಕ್ಕ ಟ್ಯಾಂಕು ತೊಳೆಯುವ ದಿನದ ಸೂಚನೆ, ಇನ್ನೊಂದು ಪಕ್ಕ ಮಕ್ಕಳು ಲಿಫ್ಟಿನಲ್ಲಿ ಆಡಬಾರದೆಂಬ ಎಚ್ಚರಿಕೆ, ಎರಡೂ ಗುಜರಾತಿಯಲ್ಲಿ. ಇಡೀ ಕಟ್ಟಡದಲ್ಲಿ ನಡುವಿನ ಕಾಗದ ಓದಬಲ್ಲ ಮೂವರೂ ಅಲ್ಲೇ ಇದ್ದೆವು.

ಅವ್ವ ಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡಳು. ಮೇಲಿನಿಂದ ಓದಿದಳು. ಮತ್ತೆ ಮೇಲಿನಿಂದ ಓದಿದಳು. ಅಂಚಿನ ಮೇಲೆ ಬೆರಳಾಡಿಸಿದಳು, ಹೊಲಿಗೆ ನೋಡುವವಳ ಹಾಗೆ. ಗಂಡ ಗೋಡೆಗೆ ಅಂಟಿಕೊಂಡು ನಿಂತಿದ್ದ.

"ಟೈಮ್ ತಪ್ಪು ಬರದೀರಿ," ಎಂದಳು ಅವ್ವ. "ಹನ್ನೊಂದು ಐವತ್ತೆರಡಕ್ಕ ಆತು. ಊಟದ ಹಾಲಿನ್ಯಾಗ ಗಡಿಯಾರ ಇತ್ತಲ್ಲ, ವಾದ್ಯ ಕೇಳಿದ ಕೂಡ್ಲೇ ನೋಡಿದ್ದೆ." ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. "ಉಳದದ್ದೆಲ್ಲಾ ಸರಿ ಐತಿ."

ಗಂಡ ಜೇಬಿನಿಂದ ಪೆನ್ನು ತೆಗೆದು ಅವಳಿಗೆ ಕೊಟ್ಟ. ಅವ್ವ ರೊಟ್ಟಿಯ ಗಂಟನ್ನು ನನ್ನ ಕೈಗೆ ಕೊಟ್ಟು, ಕನ್ನಡಕ ಮತ್ತೆ ಹಾಕಿಕೊಂಡು, ಸಮಯ ತಿದ್ದಿದಳು.