ಯಾರೂ ಬಿಡಿಸದ ಪಥ್ಯ

ಅದು ಯುದ್ಧದ ಕಾಲ, ಸೀಮೆಎಣ್ಣೆಗೆ ಸಾಲು ನಿಲ್ಲುತ್ತಿದ್ದ ವರ್ಷಗಳು. ನಲವತ್ತಮೂರು ಎಂದು ನಾನು ಹೇಳುತ್ತೇನೆ, ನನ್ನ ಯಜಮಾನರು ನಲವತ್ತನಾಲ್ಕು ಎನ್ನುತ್ತಾರೆ. ಇಬ್ಬರೂ ಆಣೆ ಮಾಡಬಲ್ಲೆವು, ಆದ್ದರಿಂದ ಇಬ್ಬರನ್ನೂ ಪೂರ್ತಿ ನಂಬಬೇಡಿ. ಇಲ್ಲಿ ಬರೆಯುವ ಮಾತುಗಳು ಹಿಂದುಮುಂದಾಗಿರಬಹುದು. ಸಿಟ್ಟು ಮಾತ್ರ ಆಗಿನದೇ.

ಚೊಚ್ಚಲ ಹೆರಿಗೆಗೆ ಬಾಗೂರಿನ ತವರಿಗೆ ಹೋಗಿದ್ದೆ. ಗಂಡುಮಗು. ನಮ್ಮ ಕಡೆ ಬಾಣಂತಿಗೆ ಮೂರು ತಿಂಗಳು ಪಥ್ಯ: ಅನ್ನ, ಮೆಣಸಿನ ಸಾರು, ಸುಟ್ಟ ಬೆಳ್ಳುಳ್ಳಿ, ಚೂರು ತುಪ್ಪ. ಸೊಪ್ಪು, ಕಾಳು, ಮುದ್ದೆ ಮುಟ್ಟುವಂತಿಲ್ಲ, ಹಾಲು ಕುಡಿಯುವ ಮಗುವಿಗೆ ಶೀತವಾಗುತ್ತದೆ ಎನ್ನುತ್ತಾರೆ. ನನ್ನ ಗಂಡನ ಮನೆಯಲ್ಲಿ ಇದರ ಮೇಲೆ ಇನ್ನೊಂದು ಪದ್ಧತಿ ಇತ್ತು. ಪಥ್ಯ ತಾನಾಗಿ ಮುಗಿಯುವುದಿಲ್ಲ. ಬಾಣಂತಿಯ ತಾಯಿ ಬಂದು, ತಾನೇ ಅಡಿಗೆ ಮಾಡಿ, ಮೊದಲ ತುತ್ತನ್ನು ಮಗಳ ಬಾಯಿಗಿಟ್ಟು ಬಿಡಿಸಬೇಕು. ನನ್ನವ್ವ, ಮಗುವಿಗೆ ಎರಡು ತಿಂಗಳು ತುಂಬುವ ಮೊದಲೇ, ಜ್ವರ ಬಂದು ತೀರಿಹೋದಳು. ಮನೆಯಲ್ಲಿ ಬೇರೆ ಹೆಂಗಸರಿರಲಿಲ್ಲ. ಅಪ್ಪ ನನ್ನನ್ನೂ ಮಗುವನ್ನೂ ಚನ್ನರಾಯಪಟ್ಟಣದ ಗಂಡನ ಮನೆಗೆ ಕರೆತಂದು, ಜಗಲಿಯ ಮೇಲೆ ಸ್ವಲ್ಪ ಹೊತ್ತು ಕೂತು, ಎದ್ದು ಹೋದರು.

ಆಮೇಲೆ ಪಥ್ಯ ಬಿಡಿಸುವ ಮಾತನ್ನು ಯಾರೂ ಎತ್ತಲಿಲ್ಲ. ಅತ್ತೆ ಕೆಟ್ಟವರೆಂದು ನಾನು ಬರೆದರೆ ಸುಳ್ಳಾಗುತ್ತದೆ. ನನಗೆಂದೇ ಚಿಕ್ಕ ಮಡಕೆಯಲ್ಲಿ ದಿನವೂ ಅವರೇ ಸಾರು ಕಾಯಿಸುತ್ತಿದ್ದರು. ಮಗು ಅಂಬೆಗಾಲಿಟ್ಟಿತು, ಹಲ್ಲು ಬಂತು, ಗೋಡೆ ಹಿಡಿದು ನಡೆಯಿತು. ಆ ಮಡಕೆ ಒಲೆಯ ಮೇಲೆಯೇ ಇತ್ತು. ಹಿತ್ತಿಲಿನ ಕೀರೆಸೊಪ್ಪು, ಹೊನಗೊನ್ನೆ ಕಿತ್ತು, ಸೋಸಿ, ಮಸ್ಸೊಪ್ಪು ಮಾಡಿ ಎಲ್ಲರಿಗೂ ಬಡಿಸುವವಳು ನಾನು. ಕೊನೆಗೆ ಕೂತು ಉಣ್ಣುವುದು ಮೆಣಸಿನ ಸಾರು. ಇದು ನನಗೂ ವಿಚಿತ್ರ ಎನಿಸಲಿಲ್ಲ.

ನಿದ್ದೆ ಕೆಟ್ಟದ್ದು ಯಾವ ತಿಂಗಳಿನಿಂದ ಎಂದು ಹೇಳಲಾರೆ. ಮಲಗಿದೊಡನೆ ಮೊಣಕಾಲಿನ ಕೆಳಗೆ, ಮೂಳೆಯ ಒಳಗೇ, ಏನೋ ಹರಿದಾಡಿದಂತೆ ಆಗುತ್ತಿತ್ತು. ನೋವೆನ್ನಲು ಬರುವುದಿಲ್ಲ, ಕೆರೆದುಕೊಳ್ಳಲು ಸಿಕ್ಕುವುದಿಲ್ಲ. ಕಾಲಾಡಿಸಿದರೆ ಹೋಗುತ್ತದೆ, ನಿಲ್ಲಿಸಿದರೆ ಬರುತ್ತದೆ. ಎದ್ದು ನಡುಮನೆಯಲ್ಲಿ ಈ ಗೋಡೆಯಿಂದ ಆ ಗೋಡೆಗೆ ನಡೆಯಬೇಕು. ಕೋಳಿ ಕೂಗುವಾಗ ಕಣ್ಣು ಹತ್ತುತ್ತಿತ್ತು. ಅದು ಸೊಸೆ ಏಳುವ ಹೊತ್ತು.

ಕಾರಣ ಹೇಳುವವರಿಗೆ ಬರವಿರಲಿಲ್ಲ. "ಬಡಗಲಿಗೆ ತಲೆ ಆಕ್ಕೊಂಡು ಮನಗ್ತಾಳೆ, ಅದ್ಕೇಯ" ಎಂದಳು ಪಕ್ಕದ ಮನೆಯವಳು. ತೆಂಕಲಿಗೆ ತಿರುಗಿ ಮಲಗಿದೆ. "ಗಂಡನ ಕೈಲಿ ಕಾಲೊತ್ತಿಸ್ಕೊಳೋ ಆಟ ಕಣವ್ವ ಇದು" ಎಂದು ಬಾವಿಕಟ್ಟೆಯಲ್ಲಿ ಇನ್ನೊಬ್ಬಳು ನಕ್ಕಳು. ಅತ್ತೆ ನಗಲಿಲ್ಲ. ಅವರು ನನ್ನನ್ನು ಅರಕಲಗೂಡಿನ ಕಡೆ ಯಂತ್ರ ಕಟ್ಟುವ ಒಬ್ಬ ಅಯ್ಯನ ಬಳಿಗೆ ಕರೆದೊಯ್ದರು.

ಅಯ್ಯ ನನ್ನ ಕಾಲು ನೋಡಲಿಲ್ಲ. "ನಿಮ್ಮವ್ವ ಯಾವಾಗ ಓದ್ಲು?" ಎಂದ.

"ಇವ್ನು ಕೈಕೂಸಾಗಿದ್ದಾಗ" ಎಂದು ಕಂಕುಳಲ್ಲಿದ್ದ ಮಗುವನ್ನು ತೋರಿಸಿದೆ.

"ಅವ್ಳೇ ಕಣಮ್ಮಿ. ಮೊಮ್ಮಗನ ಆಸೆ ತೀರ್ನಿಲ್ಲ. ನಿನ್ ಕಾಲಿಡ್ದು ಎಳೀತಾವ್ಳೆ."

ಅರಿಶಿನದ ಕೊಂಬನ್ನು ಸುಟ್ಟು ಎರಡೂ ಮೀನಖಂಡಕ್ಕೆ ಬರೆ ಎಳೆದ. ಸೋಮವಾರ, ಶುಕ್ರವಾರ ಒಪ್ಪೊತ್ತು ಇರಬೇಕೆಂದ. ಉಣ್ಣುತ್ತಿದ್ದ ಅಷ್ಟು ಅನ್ನವೂ ವಾರಕ್ಕೆ ಎರಡು ಹೊತ್ತು ಕಡಿಮೆಯಾಯಿತು. ಬರೆಯ ಉರಿ ಇದ್ದಷ್ಟು ದಿನ ಹರಿದಾಟ ತಿಳಿಯಲಿಲ್ಲ, ಅತ್ತೆಗೆ ಅಯ್ಯನ ಮೇಲೆ ನಂಬಿಕೆ ಕೂತಿತು. ಬರೆಯನ್ನು ಬೇಕಾದರೆ ಮರೆತೇನು. ಬದುಕಿದ್ದಾಗ ಯಾರ ತಂಟೆಗೂ ಹೋಗದ ನನ್ನವ್ವನನ್ನು ದೆವ್ವ ಮಾಡಿ ನನ್ನ ಕಾಲಿಗೆ ಕಟ್ಟಿದರಲ್ಲ, ಅದನ್ನು ಮರೆಯಲಾರೆ.

ಒಂದು ಮಧ್ಯಾಹ್ನ ಒಲೆಯ ಮುಂದೆ ಕೂತಲ್ಲೇ ತೂಕಡಿಸಿದೆ. ಎಚ್ಚರವಾದಾಗ ಅತ್ತೆ ಮಗುವನ್ನು ರಟ್ಟೆ ಹಿಡಿದು ಎಳೆದುಕೊಂಡಿದ್ದರು. ಕುದಿಯುವ ಎಸರಿಗೂ ಅವನ ಕೈಗೂ ನಡುವೆ ಗೇಣು ಜಾಗವಿತ್ತಂತೆ. ನಾನು ಕಂಡಿಲ್ಲ, ಅವರು ಹೇಳಿದ್ದು.

"ಗಾಳಿ ಮೆಟ್ಟಿರೋಳ ಮಡ್ಲಲ್ಲಿ ಮಗ ಬ್ಯಾಡ" ಎಂದರು ಅತ್ತೆ. "ಒಳೆನರಸೀಪುರದಲ್ಲಿ ಅವನತ್ತೆ ತಾವು ಇರ್ಲಿ. ನಿದ್ದೆ ಮಾಡಿ ನೆಟ್ಗಾಗು, ತರಿಸ್ಕೊಡ್ತೀನಿ."

ಅವನ ಅತ್ತೆ ಎಂದರೆ ನನ್ನ ನಾದಿನಿ, ಅವಳಿಗೆ ಇನ್ನೂ ಮಕ್ಕಳಾಗಿರಲಿಲ್ಲ. ಯಜಮಾನರು ಮಗುವನ್ನು ಎತ್ತಿಕೊಂಡು ಬಸ್ಸು ಹತ್ತಿದರು. ಹಾಲು ಬಿಟ್ಟಿರದ ಮಗು. ನನಗೆ ಎದೆ ಕಟ್ಟಿಕೊಂಡು ಜ್ವರ ಬಂತು. ನಿದ್ದೆ ಬಂದರೆ ಮಗು ಬರುತ್ತದೆ, ಮಗುವಿಲ್ಲದೆ ನಿದ್ದೆ ಎಲ್ಲಿಂದ ಬರಬೇಕು?

ಜ್ವರ ಇಳಿದ ಮೇಲೆ ಯಜಮಾನರಿಗೆ ಹೇಳಿದೆ: "ಅಯ್ಯನ ತಾವು ಓದದ್ದಾಯ್ತು. ಆಸನಕ್ಕೆ ಕರ್ಕೊಂಡೋಗಿ. ಇಲ್ದಿದ್ರೆ ನಾನೇ ನಡ್ಕೊಂಡು ಓಯ್ತೀನಿ." ಅವರು ತಮ್ಮ ಅಂಗಡಿಯ ಕೊಬ್ಬರಿ ಸಾಗಿಸುವ ನೆಪದಲ್ಲಿ ಕರೆದುಕೊಂಡು ಹೋದರು.

ಹಾಸನದ ಆಸ್ಪತ್ರೆಯಲ್ಲಿದ್ದದ್ದು ವಯಸ್ಸಾದ ಲೇಡಿ ಡಾಕ್ಟರು. ನಾನು ಕಾಲಿನ ಕಥೆ ಹೇಳುತ್ತಿದ್ದಂತೆ ಹೆಬ್ಬೆರಳಿನಿಂದ ನನ್ನ ಕೆಳರೆಪ್ಪೆಯನ್ನು ಎಳೆದು ನೋಡಿದರು.

"ರಕ್ತವೇ ಇಲ್ಲವಲ್ಲಮ್ಮ. ಏನು ಊಟ ಮಾಡ್ತೀಯ?"

"ಅನ್ನ, ಮೆಣಸಿನ ಸಾರು."

"ಸೊಪ್ಪು, ಕಾಳು?"

"ಪಥ್ಯ. ಬಾಣಂತಿ."

"ಮಗು ಎಷ್ಟು ದಿನದ್ದು?"

"ಓಡಾಡ್ತಾನೆ."

ಅವರು ಬರೆಯುವುದನ್ನು ನಿಲ್ಲಿಸಿದರು. "ಓಡಾಡೋ ಮಗುವಿನ ತಾಯಿ ಇನ್ನೂ ಬಾಣಂತೀನಾ? ಪಥ್ಯ ಬಿಡಬಾರದು ಅಂತ ಯಾರಮ್ಮ ಹೇಳಿದ್ದು?"

ಯಾರೂ ಹೇಳಿರಲಿಲ್ಲ. ಬಿಡು ಎಂದೂ ಯಾರೂ ಹೇಳಿರಲಿಲ್ಲ. ಕಬ್ಬಿಣದ ಔಷಧ ಕೊಟ್ಟು, "ಕಾಲಿಂದೂ ಇದೇ ಕಾರಣವೋ ಏನೋ, ಖಂಡಿತ ಹೇಳಲಾರೆ. ಮೊದಲು ಹೊಟ್ಟೆಗೆ ತಿನ್ನು" ಎಂದರು.

ಡಾಕ್ಟರು ಇಷ್ಟೆಲ್ಲ ಕೇಳಲೇ ಇಲ್ಲ, ನಿತ್ರಾಣ ಎಂದು ಔಷಧ ಕೊಟ್ಟರು ಅಷ್ಟೆ ಎನ್ನುತ್ತಾರೆ ಯಜಮಾನರು. ಅವರು ಬಾಗಿಲ ಹೊರಗೆ ನಿಂತಿದ್ದರು. ಆದರೂ ಎಷ್ಟೋ ವರ್ಷಗಳಿಂದ ಹೇಳಿ ಹೇಳಿ ಈ ಮಾತುಗಳನ್ನು ನಾನೇ ನುಣುಪು ಮಾಡಿದ್ದೇನೋ ಎಂಬ ಅನುಮಾನ ನನಗಿದೆ. ರೆಪ್ಪೆಯ ಮೇಲಿನ ಆ ತಣ್ಣನೆಯ ಹೆಬ್ಬೆರಳನ್ನು ಮಾತ್ರ ನಾನು ಹುಟ್ಟಿಸಿಕೊಂಡಿಲ್ಲ.

ಮರುದಿನ ಮಸ್ಸೊಪ್ಪು ಮಾಡಿದೆ. ಎಲ್ಲರಿಗಿಂತ ಮೊದಲು ನನ್ನ ತಟ್ಟೆಗೆ ಮುದ್ದೆ ಇಟ್ಟುಕೊಂಡು ಸೊಪ್ಪು ಸುರಿದುಕೊಂಡೆ. ಅತ್ತೆ ಅಡಿಗೆಮನೆಯ ಬಾಗಿಲಲ್ಲಿ ನಿಂತರು.

"ತವರಿನೋರು ಬಿಡಿಸ್ದೆ ಪಥ್ಯ ಮುರ್ದೋರು ಈ ಮನೇಲಿ ಯಾರವ್ರೆ?"

"ನಮ್ಮವ್ವ ಬಂದು ಬಿಡಿಸ್ಬೇಕಾ, ಅತ್ತೆಮ್ಮ? ಕಾಲೆಳೆಯೋಕೆ ಬತ್ತಾಳೆ ಅಂತೀರಿ, ಒಂದು ತುತ್ತು ಇಕ್ಕೋಕೆ ಬರಕ್ಕಿಲ್ವಾ?"

"ನಾಲ್ಗೆ ಉದ್ದ ಆಯ್ತು ಕಣೇ ನಿಂದು."

"ಒಟ್ಟೆ ಕಾಲಿ ಅದೆ, ಅದ್ಕೆ."

ನಿಂತೇ ಉಂಡೆ. ರುಚಿ ನೆನಪಿಲ್ಲ. ತಟ್ಟೆ ಬಳಿದು ಉಂಡದ್ದು ನೆನಪಿದೆ.

ನಿದ್ದೆ ಮರುದಿನವೇ ಬರಲಿಲ್ಲ. ಹರಿದಾಟ ಕೆಲವು ರಾತ್ರಿ ಬಿಡುತ್ತಿತ್ತು, ಮತ್ತೆ ಬರುತ್ತಿತ್ತು. ಎಷ್ಟೋ ವಾರಗಳ ಮೇಲೆ ಒಂದು ದಿನ, ಬೆಳಕು ಹರಿದು ಅತ್ತೆ ಕೂಗುವವರೆಗೂ ನನಗೆ ಎಚ್ಚರವಾಗಲಿಲ್ಲ. ನಾನೇ ಹೋಗಿ ಹೇಳಿದೆ: "ನಿದ್ದೆ ಬಂತು. ಮಗೂನ ತರಿಸಿ."

ಅತ್ತೆ ನಿಜವಾಗಿಯೂ ಖುಷಿಪಟ್ಟರು. "ನೋಡ್ದಾ? ಮಗ ಅತ್ಲಾಗೆ ಓದ, ನಿಮ್ಮವ್ವ ನಿನ್ನ ಬುಟ್ಳು. ಅಯ್ಯ ಏಳಿದ್ದು ದಿಟ ಆಯ್ತು. ಇನ್ನೊಂದು ವರ್ಷ ಅಲ್ಲೇ ಇರ್ಲಿ ಬುಡು."

ನನ್ನ ನಿದ್ದೆಯೇ ನನಗೆ ಎದುರು ಸಾಕ್ಷಿಯಾಗಿ ನಿಂತಿತು. ಆ ಗಳಿಗೆಯ ಸಿಟ್ಟನ್ನು ನಾನು ಇಂದಿಗೂ ಬರೆಯಲಾರೆ. ಸೆರಗು ಸಿಕ್ಕಿಸಿಕೊಂಡು ಹೊರಟೆ. ಅಂಗಡಿಯ ಮುಂದೆ ಯಜಮಾನರು "ಎಲ್ಲಿಗೆ?" ಎಂದರು. "ಮಗೂನ ತರೋಕೆ" ಎಂದೆ. ಅವರು ಅಂಗಡಿಯ ಹಲಗೆ ಹಾಕಿ ಹಿಂದೆ ಬಂದರು. ಅದಕ್ಕೆ ಮಾತ್ರ ಅವರಿಗೆ ಋಣಿ.

ಹೊಳೆನರಸೀಪುರದಲ್ಲಿ ನಾದಿನಿ ಮಗುವಿಗೆ ಅನ್ನ ಕಲಸುತ್ತಿದ್ದಳು. "ಅತ್ಗೆ, ಅವ್ವ ಏಳಿ ಕಳ್ಸುದ್ಲಾ?" ಎಂದಳು. ಇಲ್ಲ ಎಂದೆ. ಅವಳು ಅವನ ಬಾಯಿ ಒರೆಸಿ ನನ್ನ ಕೈಗೆ ಕೊಟ್ಟು ಹಿತ್ತಿಲಿಗೆ ಹೋದಳು. ಮತ್ತೆ ಒಳಗೆ ಬರಲಿಲ್ಲ.

ಮನೆಗೆ ಕರೆತಂದ ರಾತ್ರಿ ಮಗು "ಅತ್ತೇ, ಅತ್ತೇ" ಎಂದು ಅವಳಿಗಾಗಿ ಅತ್ತಿತು. ನನ್ನ ಎದೆಯಲ್ಲಿ ಹಾಲಿರಲಿಲ್ಲ. ಬೆಳಗಿನವರೆಗೆ ಹೆಗಲ ಮೇಲೆ ಹಾಕಿಕೊಂಡು ಅದೇ ನಡುಮನೆಯಲ್ಲಿ ನಡೆದೆ.

"ಮತ್ತೆ ಸುರುವಾಯ್ತಾ?" ಎಂದರು ಅತ್ತೆ ಬೆಳಗ್ಗೆ.

"ಮಗ ಅಳ್ತಿತ್ತು, ಎದ್ದಿದ್ದೆ. ಇದ್ಕೆ ಯಾವ ಅಯ್ಯನೂ ಬ್ಯಾಡ."

ಅತ್ತೆ ತೀರಿಕೊಳ್ಳುವವರೆಗೂ ಪ್ರತಿವರ್ಷ ಆ ಅಯ್ಯನಿಗೆ ಕಾಯಿ ಕಳಿಸುತ್ತಿದ್ದರು. ನನ್ನನ್ನು ಉಳಿಸಿದವನು ಅವನೇ ಎಂದು ನನ್ನ ಮಗನೂ ಅಜ್ಜಿಯ ಬಾಯಿಂದ ಕೇಳಿ ಬೆಳೆದ. ಆ ಮಾತು ಬಂದಾಗಲೆಲ್ಲ ನನ್ನ ದನಿ ಏರುತ್ತದೆ. "ಆಯ್ತು ಬಿಡಮ್ಮ, ಈಗ್ಯಾಕೆ ಅದೆಲ್ಲ" ಎನ್ನುತ್ತಾನೆ ಮಗ. ಆ ಡಾಕ್ಟರನ್ನು ಬಿಟ್ಟರೆ, ನೀನು ಏನು ಉಣ್ಣುತ್ತೀಯೆ ಎಂದು ಅಷ್ಟು ಜನರಲ್ಲಿ ಒಬ್ಬರೂ ಆಗ ಕೇಳಲಿಲ್ಲ. ಅದಕ್ಕೇ ಈಗ.