ಅಮ್ಮಿನಬಾವಿ ಎಕ್ಸ್‌ಪ್ರೆಸ್ ಯಾರು?

ಮೊನ್ನೆ ಶುಕ್ರವಾರ ಗೋಕುಲ ರಸ್ತೆಯ ಒಂದು ಹಾಲ್‌ನಲ್ಲಿ ಹುಬ್ಬಳ್ಳಿ ತಂಡದ ಕ್ಯಾಪ್ಟನ್, ಫೈನಲ್‌ಗೆಂದು ತಾನು ಹೂಡಿದ್ದ ಉಪಾಯವನ್ನೆಲ್ಲ ಎದುರಾಳಿಯ ಮುಂದೆಯೇ ಬಿಚ್ಚಿಟ್ಟ. ಕುರ್ಚಿ ಕೊಟ್ಟು, ಚಹಾ ತರಿಸಿ, ಸಾವಕಾಶವಾಗಿ ವಿವರಿಸಿದ. ಎದುರಾಳಿ ಗಮನವಿಟ್ಟು ಕೇಳಿದರು. ನಡುವೆ ಪ್ರಶ್ನೆಯನ್ನೂ ಕೇಳಿದರು.

ನಾನು ಪಕ್ಕದಲ್ಲೇ ಕೂತಿದ್ದೆ. ಬಾಯಿ ಬಿಡಲಿಲ್ಲ. (ಬಿಡಬೇಕಿತ್ತೇ? ಪೂರ್ತಿ ಓದಿ, ಆಮೇಲೆ ನೀವೇ ಹೇಳಿ.)

ಇವತ್ತು ಸಂಜೆ ಅದೇ ಹಾಲ್‌ನಲ್ಲಿ ಹುಬ್ಬಳ್ಳಿಗೂ ಧಾರವಾಡಕ್ಕೂ ಫುಟ್ಬಾಲ್ ಫೈನಲ್ ಇದೆ. ಹಾಲ್‌ನಲ್ಲಿ ಫುಟ್ಬಾಲ್ ಹೇಗೆ ಎನ್ನುತ್ತೀರಾ? ಇದು ಇ-ಸ್ಪೋರ್ಟ್ಸ್. ಕಾಲಿಗೆ ಕೆಲಸವಿಲ್ಲ. ದೊಡ್ಡ ಪರದೆಯ ಮೇಲೆ ಆಟಗಾರರು ಓಡುತ್ತಾರೆ, ಅವರನ್ನು ಓಡಿಸುವವರು ಕೈಯಲ್ಲಿ ಕಂಟ್ರೋಲರ್ ಹಿಡಿದು ಕೂತಿರುತ್ತಾರೆ. ಒಂದು ಕಡೆಗೆ ಇಬ್ಬರು. ಇಲ್ಲಿಯ ತನಕದ ಸುತ್ತುಗಳೆಲ್ಲ ಆನ್‌ಲೈನ್‌ನಲ್ಲಿ ನಡೆದವು, ಅವರವರ ಮನೆಯಿಂದಲೇ. ಯಾರ ಮುಖ ಯಾರಿಗೂ ಗೊತ್ತಿಲ್ಲ, ಪರದೆಯ ಮೇಲೆ ಅಡ್ಡಹೆಸರು ಮಾತ್ರ. ಫೈನಲ್ ಒಂದೇ ಎದುರಾಬದುರು, ಮಂದಿಯ ಮುಂದೆ.

ಇದಕ್ಕೊಂದು ಮುನ್ನೋಟ ಬರೆದುಕೊಡಿ ಎಂದು ಸಂಪಾದಕರು ಹೇಳಿದಾಗ ನಕ್ಕೆ. ಫುಟ್ಬಾಲ್‌ನಲ್ಲಿ ಆಫ್‌ಸೈಡ್ ಎಂದರೇನು ಎಂದು ನನಗೆ ನನ್ನ ಗಂಡ ಮೂರು ವಿಶ್ವಕಪ್‌ಗಳಿಂದ ತಿಳಿಸಿ ಹೇಳುತ್ತಿದ್ದಾರೆ. ಇನ್ನೂ ತಿಳಿದಿಲ್ಲ.

"ನೀವ ಬರೀರಿ ಮೇಡಂ," ಎಂದರು ಸಂಪಾದಕರು. "ಧಾರವಾಡದ ಮಗಳು, ಹುಬ್ಬಳ್ಳಿ ಸೊಸಿ. ಎರಡೂ ಕಡೆಯವರ ಕಡಿಂದ ಬೈಸಿಕೊಂಡು ನಿಮಗ ರೂಢಿ ಐತಿ."

ಅದಂತೂ ನಿಜ. ತವರಿಗೆ ಹೋದರೆ 'ಹುಬ್ಬಳ್ಳಿಯವರ ಗಡಿಬಿಡಿ ನಿನಗೂ ಹತ್ತೇತಿ' ಎನ್ನುತ್ತಾರೆ. ಇಲ್ಲಿ ಮಧ್ಯಾಹ್ನ ಅರ್ಧ ತಾಸು ಕಣ್ಣು ಮುಚ್ಚಿದರೆ 'ಧಾರವಾಡದ ನಿದ್ದಿ' ಎನ್ನುತ್ತಾರೆ. ಎರಡೂ ಊರಿಗೆ ಸೇರಿ ಒಂದೇ ಮಹಾನಗರಪಾಲಿಕೆ. ಮನಸ್ಸು ಮಾತ್ರ ಎರಡು.

ಮೊದಲು ಹುಬ್ಬಳ್ಳಿ ತಂಡವನ್ನು ನೋಡಲು ಹೋದೆ. ದೂರವೇನಿಲ್ಲ. ಕ್ಯಾಪ್ಟನ್ ಮುಷ್ತಾಕ್ ನನ್ನ ಸ್ಕೂಟರ್ ರಿಪೇರಿ ಮಾಡುವವನು, ಗೋಕುಲ ರಸ್ತೆಯಲ್ಲಿ ಅವನದೇ ಗ್ಯಾರೇಜ್ ಇದೆ. ಜೊತೆಗಾರ ವಿನಾಯಕನದು ಪಕ್ಕದಲ್ಲೇ ಮೊಬೈಲ್ ಅಂಗಡಿ. ಊಟದ ಹೊತ್ತಿಗೆ ಇಬ್ಬರೂ ಗ್ಯಾರೇಜಿನ ಹಿಂದಿನ ಕೋಣೆಯಲ್ಲಿ ಪ್ರ್ಯಾಕ್ಟೀಸ್ ಮಾಡುತ್ತಾರೆ. ಅವರ ಆಟ ಹುಬ್ಬಳ್ಳಿಯ ಬಜಾರಿನಂತೆಯೇ. ಚೆಂಡು ಸಿಕ್ಕಿತೋ, ಮುಂದೆ ಓಟ. ಹಿಂದೆ ನೋಡುವ ಮಾತಿಲ್ಲ.

"ಧಾರವಾಡದವರು ಹೆಂಗ ಆಡ್ತಾರ?" ಎಂದೆ.

ಮುಷ್ತಾಕ್ ಕಂಟ್ರೋಲರ್ ಕೆಳಗಿಟ್ಟ. "ಅಲ್ಲಿ ಇಬ್ರು ಅದಾರ್ರಿ ಅಕ್ಕಾರ. ಪಲ್ಲು ಅಂತ ಒಬ್ಬಾಕಿ. ಆಕಿದೇನು ಚಿಂತಿ ಇಲ್ಲ. ಇನ್ನೊಬ್ಬನ ಹೆಸರು ಅಮ್ಮಿನಬಾವಿ ಎಕ್ಸ್‌ಪ್ರೆಸ್. ಆಂವ ನಿದ್ದಿ ಕೆಡಿಸ್ಯಾನ. ಉಂಡ್ರೇನು, ಚಹಾ ಆತೇನು ಅಂತ ಕೇಳಿದಂಗ ಸಾವಕಾಶ ಪಾಸ್ ಮಾಡ್ತಾನ. ಸೆಮಿಫೈನಲ್‌ನ್ಯಾಗ ನಮ್ಮ ದೋಸ್ತರ ಟೀಮಿಗೆ ಇಬ್ರೂ ಸೇರಿ ನಾಕು ಗೋಲ್ ಹೊಡದ್ರು. ಅಮ್ಮಿನಬಾವಿಯ ಗಿರಾಕಿ ಒಬ್ರನ್ನ ಕೇಳಿದೆ. ಅಂಥಾ ಹುಡುಗ ನಮ್ಮೂರಾಗ ಯಾರೂ ಇಲ್ಲ ಅಂದ್ರು."

ನನಗೂ ಕುತೂಹಲವಾಯಿತು. ಸಂಘಟಕರಿಂದ ಧಾರವಾಡ ತಂಡದ ನಂಬರ್ ತೆಗೆದುಕೊಂಡು ಫೋನ್ ಮಾಡಿದೆ. ಒತ್ತಿದ ಕೂಡಲೇ ನನ್ನ ಮೊಬೈಲ್ ತೋರಿಸಿತು: 'ಪಲ್ಲವಿ, ಅಣ್ಣನ ಮಗಳು'.

ಮರುದಿನವೇ ಬಸ್ ಹತ್ತಿದೆ. ಅಣ್ಣನದು ಅರಳೆ ವ್ಯಾಪಾರ. ಗೋದಾಮು, ಮನೆ ಎರಡೂ ಧಾರವಾಡದ ಲಕಮನಹಳ್ಳಿಯಲ್ಲಿ. ಬಾಗಿಲು ತೆರೆದಿತ್ತು. ಪಡಸಾಲೆಯಲ್ಲಿ ಟಿ.ವಿ. ಮುಂದೆ ಪಲ್ಲವಿ ಕೂತಿದ್ದಳು. ಅವಳ ಪಕ್ಕದ ಎತ್ತರದ ಕುರ್ಚಿಯಲ್ಲಿ, ತಲೆಯ ಮೇಲಿನ ಸೆರಗಿನ ಮೇಲೆ ಹೆಡ್‌ಫೋನ್ ಹಾಕಿಕೊಂಡು, ನಮ್ಮ ಗಿರಿಜಾ ವೈನಿ. ನನ್ನ ಅಣ್ಣನ ಹೆಂಡತಿ. ಐವತ್ತು ದಾಟಿದವರು. ತವರು ಅಮ್ಮಿನಬಾವಿ.

ವೈನಿ ತಿರುಗಿ ಕೂಡ ನೋಡಲಿಲ್ಲ. "ಎರಡು ನಿಮಿಷ ತಡಿ ಸುಮಾ," ಎಂದರು. "ಕಾರ್ನರ್ ಕಿಕ್ ಐತಿ."

ನಾನು ಚಪ್ಪಲಿ ಬಿಡುವುದನ್ನೂ ಮರೆತು ನಿಂತೆ.

ಹೋದ ವರ್ಷ ವೈನಿಗೆ ಮೊಣಕಾಲಿನ ಆಪರೇಶನ್ ಆಗಿತ್ತು. ಹಾಸಿಗೆಯಲ್ಲಿ ಬೇಸರವಾಗದಿರಲಿ ಎಂದು ಪಲ್ಲವಿ ಕೈಗೊಂದು ಕಂಟ್ರೋಲರ್ ಕೊಟ್ಟಳಂತೆ. ಮೊದಮೊದಲು ತಮ್ಮ ಗೋಲಿಗೇ ತಾವು ಹೊಡೆಯುತ್ತಿದ್ದರಂತೆ. ಕಾಲು ನೆಟ್ಟಗಾಗಿ ಓಡಾಡುವ ಹೊತ್ತಿಗೆ ಮಗಳನ್ನು ಸೋಲಿಸತೊಡಗಿದರು. ಸಾಲೆಯಲ್ಲಿದ್ದಾಗ ಅವರು ಖೋಖೋ ತಂಡದಲ್ಲಿದ್ದರು ಎಂಬುದು ನನಗೆ ಗೊತ್ತಾದದ್ದು ಅವತ್ತು. (ಇಷ್ಟು ವರ್ಷ ಅವರ ಕೈಯ ರೊಟ್ಟಿ ತಿಂದ ನಾನು ಒಮ್ಮೆಯೂ ಕೇಳಿರಲಿಲ್ಲ. ನೀವು ನಿಮ್ಮ ವೈನಿಯನ್ನು ಕೇಳಿದ್ದೀರಾ?)

ಆದರೆ ಮನೆಯಲ್ಲಿ ಒಂದು ತಕರಾರು ನಡೆದಿತ್ತು. ಮನೆಯೊಳಗೆ ಹೆಂಡತಿ ಆಡಿದರೆ ಅಣ್ಣನಿಗೆ ಅಡ್ಡಿಯಿಲ್ಲ. ಸ್ಟೇಜ್ ಹತ್ತುವುದು ಬೇಡ.

"ಪ್ಯಾಟಿ ಮಂದಿ ಎಲ್ಲಾ ಬಂದಿರ್ತಾರ," ಎಂದ ನನ್ನ ಮುಂದೆ. "ಈ ವಯಸ್ಸಿನಾಗ ಹಿಂಗ ಕುಂತಿದ್ದು ನೋಡಿ ನಗ್ತಾರ. ಪಲ್ಲವಿ ಗೆಳತಿ ಒಬ್ಬಾಕಿ ಅದಾಳ. ಆಕಿ ಆಡ್ಲಿ."

ವೈನಿ ಜಗಳವಾಡಲಿಲ್ಲ. ಹೆಸರು ತೆಗೆಸುತ್ತೇನೆ ಎಂದುಬಿಟ್ಟರು. ಅಣ್ಣ ಗೋದಾಮಿಗೆ ಹೋದ ಮೇಲೆ ಕೇಳಿದೆ, "ನೀವೂ ಮಂದಿಗೆ ಅಂಜಿದ್ರೇನು ವೈನಿ?"

"ನಕ್ರ ನಗ್ಲಿ ಸುಮಾ. ನನಗ ಅಂಜಿಕಿ ಬ್ಯಾರೆ ಐತಿ," ಎಂದರು. "ಕಾಲಿಂದು ಆದಾಗಿಂದ ಎಲ್ಲಿ ಹ್ವಾದ್ರೂ ಎಲ್ಲಾರೂ 'ವೈನಿ, ನೀವು ಕುಂದರ್ರಿ' ಅಂತಾರ. ಮದವ್ಯಾಗ ಕುಂದರ್ರಿ. ಅಡಗಿ ಮನ್ಯಾಗ ಕುಂದರ್ರಿ. ಆನ್‌ಲೈನ್‌ನ್ಯಾಗ ನಾ ಯಾರು ಅಂತ ಯಾರಿಗೂ ಗೊತ್ತಿಲ್ಲ. ಸರಿಯಾಗಿ ಬಡೀತಾರ. ನಾನೂ ಬಡೀತೇನಿ. ಛಲೋ ಅನಸ್ತೈತಿ. ನಾಳೆ ಮುಖಾ ನೋಡಿದ ಮ್ಯಾಗ 'ಪಾಪ, ದೊಡ್ಡವರು' ಅಂತ ಒಂದು ಗೋಲ್ ಬಿಟ್ಟುಕೊಟ್ರ ನಾ ಗೆದ್ದು ಏನ್ ಮಾಡ್ಲಿ?"

ಇದಕ್ಕೆ ನೀವಾಗಿದ್ದರೆ ಏನೆನ್ನುತ್ತಿದ್ದಿರಿ?

ಆಟಗಾರರ ಹೆಸರು ಬದಲಿಸಲು ಶುಕ್ರವಾರ ಸಂಜೆಯೇ ಕೊನೆ. ವೈನಿ ಮತ್ತು ಪಲ್ಲವಿ ಹುಬ್ಬಳ್ಳಿಗೆ ಬಂದರು. ನಾನೂ ಜೊತೆಗೆ ಹಾಲ್‌ಗೆ ಹೋದೆ. ಸಂಘಟಕರು ಇನ್ನೂ ಬಂದಿರಲಿಲ್ಲ. ಮುಷ್ತಾಕ್ ಒಬ್ಬನೇ ಪರದೆ, ಕುರ್ಚಿ ಎಲ್ಲ ಪರೀಕ್ಷಿಸುತ್ತಿದ್ದ. ಪಲ್ಲವಿ ತಾನು ಧಾರವಾಡದ 'ಪಲ್ಲು' ಎಂದು ಪರಿಚಯ ಹೇಳಿಕೊಂಡಳು. ವೈನಿ ಕುಂಟುತ್ತ ಒಳಗೆ ಬಂದದ್ದನ್ನು ನೋಡಿ ಅವನು ಲಗುಬಗೆಯಿಂದ ಕುರ್ಚಿ ಎಳೆದ.

"ಬರ್ರಿ ಅಮ್ಮಾರ, ಕುಂದರ್ರಿ. ಮಗಳನ್ನ ಕರಕೊಂಡು ಬಂದ್ರೇನು? ಚಹಾ ತರಸ್ತೇನಿ."

ವೈನಿ ನನ್ನ ಮುಖ ನೋಡಿದರು. ನಾನು ಫ್ಯಾನ್ ನೋಡಿದೆ.

ಚಹಾ ಬಂತು. ಮುಷ್ತಾಕ್ ಪಲ್ಲವಿಗೆ ಕೇಳಿದ, "ಆ ಅಮ್ಮಿನಬಾವಿ ಎಕ್ಸ್‌ಪ್ರೆಸ್ ಬರ್ಲಿಲ್ಲೇನು?" ಪಲ್ಲವಿ ಬಾಯಿ ತೆರೆಯುವಷ್ಟರಲ್ಲಿ ವೈನಿ ಕೇಳಿದರು, "ಆಂವ ಅಷ್ಟು ಛಲೋ ಆಡ್ತಾನೇನು?"

ಸಾಕಿತ್ತು. ಮುಷ್ತಾಕ್ ಕುರ್ಚಿ ಎಳೆದುಕೊಂಡು ಕೂತ. "ಅವನ ಆಟ ಪೂರಾ ತಿಳಕೊಂಡೇನ್ರಿ ಅಮ್ಮಾರ. ಮೊದಲ ಸುಮ್ಮನ ಪಾಸ್ ಮಾಡಕೋತ ನಮಗ ಸಿಟ್ಟ ಬರಸ್ತಾನ. ನಾವು ಸಿಟ್ಟಿಗೆದ್ದು ಮುಂದ ಓಡ್ತೇವಿ. ಹಿಂದ ಜಾಗಾ ಖಾಲಿ ಆಗ್ತೈತಿ. ಆಗ ನುಗ್ತಾನ. ಯಾವಾಗ್ಲೂ ಬಲಗಡಿ ತೋರಿಸಿ ಎಡಗಡಿ ಹೊಡೀತಾನ. ಈ ಸಲ ನಮ್ಮ ವಿನಾಯಕ ಹಿಂದ ಎಡಗಡಿನ ನಿಂತಿರ್ತಾನ. ಅಳಿಸಿ ಕಳಸ್ತೇನಿ ಆ ಮಗನ್ನ."

ವೈನಿಯ ಮುಖ ನೋಡಬೇಕಿತ್ತು ನೀವು. ಅಷ್ಟು ಖುಷಿಯಾಗಿ ಅವರು ಬೈಸಿಕೊಂಡದ್ದನ್ನು ನಾನು ಎಂದೂ ಕಂಡಿರಲಿಲ್ಲ.

"ಆಂವ ಎಡಗಡಿ ತೋರಿಸಿ ಬಲಗಡಿ ಹೊಡದ್ರ?" ಎಂದು ಕೇಳಿದರು.

ಮುಷ್ತಾಕ್ ಒಂದು ಕ್ಷಣ ಯೋಚಿಸಿದ. "ಅಷ್ಟು ಶಾಣ್ಯಾ ಇಲ್ಲ ಬಿಡ್ರಿ ಆಂವ."

ಪಲ್ಲವಿಗೆ ಚಹಾ ನೆತ್ತಿಗೇರಿತು. ಅವಳ ಕೆಮ್ಮು ನಿಲ್ಲುವ ತನಕ ವೈನಿ ಕಾದರು. ಆಮೇಲೆ ಕಪ್ ಕೆಳಗಿಟ್ಟು ಹೇಳಿದರು, "ತಮ್ಮಾ, ಇನ್ನ ಮುಂದಿಂದು ಹೇಳಬ್ಯಾಡ. ನಾ ಸುಮ್ಮನ ಕೇಳೂದು ತಪ್ಪಾಗ್ತೈತಿ. ಆ ಎಕ್ಸ್‌ಪ್ರೆಸ್ ನಾನ."

ಮುಷ್ತಾಕ್ ನಕ್ಕ. ಯಾರೂ ನಗದಿದ್ದಾಗ ನನ್ನ ಕಡೆ ನೋಡಿದ. ನಾನು ತಲೆಯಾಡಿಸಿದೆ. ಅವನು ಕೂತಲ್ಲಿಂದ ಎದ್ದು ನಿಂತ, ದೊಡ್ಡವರ ಮುಂದೆ ನಿಲ್ಲುವ ಹಾಗೆ, ಎರಡೂ ಕೈ ಮುಂದೆ ಕಟ್ಟಿಕೊಂಡು.

"ಮಾಫ್ ಮಾಡ್ರಿ. ಬಾಯಿಗೆ ಬಂದಂಗ ಮಾತಾಡಿದೆ."

"ನೋಡು, ಎದ್ದು ನಿಂತಿ," ಎಂದರು ವೈನಿ. ದನಿ ಸ್ವಲ್ಪ ಇಳಿದಿತ್ತು. "ಇದಕ್ಕ ಅಂಜೇ ನಾ ಹೆಸರು ತಗಸಾಕ ಬಂದೇನಿ. ಈಗಿನ ತನಾ ಆ ಎಕ್ಸ್‌ಪ್ರೆಸ್‌ನ ಅಳಸಾಂವ ಇದ್ದಿ. ಆಟದಾಗೂ ಹಿಂಗ ಕೈ ಕಟ್ಟಿ ನಿಂತ್ರ ಏನ್ ಛಂದ?"

ಮುಷ್ತಾಕ್ ಕೈ ಬಿಚ್ಚಿದ. ಕುರ್ಚಿಯಲ್ಲಿ ಕೂತ.

"ಆ ನಾಕು ಗೋಲ್‌ನ್ಯಾಗ ನಿಮ್ಮವು ಎಷ್ಟ್ರಿ?"

"ಮೂರು ನಂದು. ಒಂದು ಈಕಿದು."

"ಹಂಗಾದ್ರ ಬಿಡಾಂಗಿಲ್ರಿ ಅಮ್ಮಾರ. ನಮ್ಮ ದೋಸ್ತರು ಆ ಸೋಲಿಂದ ಇನ್ನೂ ಎದ್ದಿಲ್ಲ. ಕುರ್ಚಿ ಕೊಡ್ತೇನಿ, ಚಹಾ ಕೊಡ್ತೇನಿ. ಗೋಲ್ ಕೊಡಂಗಿಲ್ಲ. ನಿಮ್ಮ ಮುಂದ ಎಲ್ಲಾ ಹೇಳಿಕೊಂಡೇನಿ. ಮನಿಗೆ ಹೋಗಿ ಬ್ಯಾರೆ ಪ್ಲ್ಯಾನ್ ಮಾಡಬೇಕೀಗ."

ವೈನಿ ಎದ್ದರು. ಸಂಘಟಕರು ಆಗಷ್ಟೇ ಒಳಗೆ ಬಂದಿದ್ದರು. ಹೆಸರು ಬದಲಿಸಬೇಕಿತ್ತಂತಲ್ಲ ಎಂದು ಕೇಳಿದರು.

"ಹೌದ್ರಿ, ಬದಲಿ ಮಾಡ್ರಿ," ಎಂದರು ವೈನಿ. "ಅಮ್ಮಿನಬಾವಿ ಎಕ್ಸ್‌ಪ್ರೆಸ್ ತಗದು ಗಿರಿಜಾ ಅಂತ ಬರೀರಿ."

ಅಣ್ಣನಿಗೆ ಸುದ್ದಿ ಮುಟ್ಟಿಸುವ ಕೆಲಸ ನನಗೇ ಬಿತ್ತು. ಫೋನಿನಲ್ಲಿ ಎಲ್ಲ ಹೇಳಿದೆ. ಬೈಯುತ್ತಾನೆ ಎಂದುಕೊಂಡೆ.

"ಆ ಹುಡುಗ ಖರೇನ ಅಳಿಸಿ ಕಳಸ್ತೇನಿ ಅಂದನೇನು ಈಕಿಗೆ?"

"ಅಂದ."

"ಅವಗೇನು ಗೊತ್ತು ಈಕಿ ಎಂಥಾಕಿ ಅಂತ," ಎಂದ ಅಣ್ಣ. ಆಮೇಲೆ ದನಿ ತಗ್ಗಿಸಿ, "ನಾನೂ ಬರ್ತೇನಿ. ಕಟ್ಟಕಡೀ ಸಾಲಿನ್ಯಾಗ ಕುಂದರ್ತೇನಿ. ಆಕಿಗೆ ಹೇಳಬ್ಯಾಡ." (ಹೇಳಿಲ್ಲ. ಬರೆದಿದ್ದೇನೆ. ಎರಡೂ ಬೇರೆಬೇರೆ.)

ಈಗ ಮುನ್ನೋಟದ ಮಾತು. ಹುಬ್ಬಳ್ಳಿಗೆ ವೇಗವಿದೆ, ತಾಳ್ಮೆಯಿಲ್ಲ. ಧಾರವಾಡಕ್ಕೆ ತಾಳ್ಮೆಯಿದೆ, ಆದರೆ ಎದುರಾಳಿ ಮೊದಲ ಗೋಲು ಹೊಡೆದ ಕೂಡಲೇ ಪಲ್ಲವಿ ತಪ್ಪು ಪಾಸ್ ಮಾಡತೊಡಗುತ್ತಾಳಂತೆ. ಮುಷ್ತಾಕನ ಹೊಸ ಪ್ಲ್ಯಾನ್ ಏನೆಂದು ಅವನು ನನಗೆ ಹೇಳಲಿಲ್ಲ. 'ನೀವು ಅವರ ಮನಿ ಮಗಳು' ಎಂದುಬಿಟ್ಟ. ಗೆಲ್ಲುವವರು ಯಾರು ಎಂದು ಬರೆಯಲೇಬೇಕೆಂದು ಸಂಪಾದಕರು ಪಟ್ಟು ಹಿಡಿದಿದ್ದಾರೆ. ಗೆಲುವು ಯಾರದ್ದಾದರೂ ಇರಲಿ, ಬಿಟ್ಟುಕೊಟ್ಟದ್ದಂತೂ ಆಗಿರುವುದಿಲ್ಲ. ಅಷ್ಟನ್ನು ಮಾತ್ರ ನಾನು ಖಾತ್ರಿಯಾಗಿ ಹೇಳಬಲ್ಲೆ.

ನಮ್ಮ ಕಡೆ ಮರ್ಯಾದೆಗೆ ಬರವಿಲ್ಲ. ಮಾತಿಗೊಂದು 'ರೀ' ಹಚ್ಚುತ್ತೇವೆ. ದೊಡ್ಡವರು ಬಂದರೆ ಎದ್ದು ಜಾಗ ಬಿಡುತ್ತೇವೆ. ಅದು ಬೇಕು, ಇರಲಿ. ಆದರೆ ಹಾಗೆ ಗೌರವದಿಂದ ನೀವು ಕೂರಿಸಿ, ಆಟದಿಂದಲೇ ಹೊರಗಿಟ್ಟವರು ನಿಮ್ಮ ಮನೆಯಲ್ಲಿ ಯಾರಿದ್ದಾರೆ?